ಮಗು ದಣಿದರೆ ಪರ್ಸ್ ಖಾಲಿ: ಮುಂಬೈಯಿಂದ ಪುಟ್ಟ ಮಕ್ಕಳೊಂದಿಗೆ ಕಡಿಮೆ ಖರ್ಚಿನ ಪ್ರಯಾಣ

[ದೃಶ್ಯ: ಮುಂಬೈ ಬಳಿಯ ಡೊಂಬಿವಲಿಯ ಮನೆ. ನೆಲದ ಮೇಲೆ ಬಾಯ್ದೆರೆದ ಚೀಲ, ಥರ್ಮಸ್, ಮೂರು ಸ್ಟೀಲ್ ಡಬ್ಬಿಗಳು.]

ನಮಸ್ಕಾರ. ಕಳೆದ ವರ್ಷ ಬೇಸಿಗೆ ರಜೆ ಮುಗಿಸಿ ಊರಿನಿಂದ ಮರಳುವಾಗ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಮಗಳಿಗೆ ಆಗ ಮೂರು ವರ್ಷ. ಕಟ್ಟಿಕೊಂಡು ಬಂದ ತಿಂಡಿ ರಾತ್ರಿ ರತ್ನಾಗಿರಿ ದಾಟುವಷ್ಟರಲ್ಲೇ ಮುಗಿದಿತ್ತು. ಬೆಳಿಗ್ಗೆ ಕೊನೆಯ ನಿಲ್ದಾಣದಲ್ಲಿ ಇಳಿದಾಗ ಹಸಿವು, ನಿದ್ದೆ ಎರಡೂ ಸೇರಿ ಒಂದೇ ಸಮನೆ ಅಳುತ್ತಿದ್ದಳು. ಎದುರಿಗೆ ಸಿಕ್ಕ ಟ್ಯಾಕ್ಸಿಯವರು ಕೇಳಿದಷ್ಟು ಕೊಟ್ಟು ಹತ್ತಿದೆವು. ಆ ಒಂದು ಸವಾರಿಗೆ ತೆತ್ತ ಹಣ ನಮ್ಮಿಬ್ಬರ ಸ್ಲೀಪರ್ ಟಿಕೆಟ್‌ಗಿಂತ ಹೆಚ್ಚಾಯಿತು.

ಮನೆಗೆ ಬಂದು ಲೆಕ್ಕ ಬರೆದಾಗಲೇ ನನಗೆ ತಿಳಿದದ್ದು. ಟಿಕೆಟ್‌ನಲ್ಲಿ ಉಳಿಸಿದ್ದೆಲ್ಲ ಮಗು ದಣಿದ ಆ ಅರ್ಧ ಗಂಟೆಯಲ್ಲಿ ಹೋಗಿತ್ತು. ಹಾಗಾಗಿ ಈ ವಿಡಿಯೋದಲ್ಲಿ ಟಿಕೆಟ್ ವಿಷಯವನ್ನು ಬೇಗ ಮುಗಿಸಿ, ಮಗುವಿನ ದಣಿವಿನ ಬಗ್ಗೆಯೇ ಹೆಚ್ಚು ಮಾತನಾಡುತ್ತೇನೆ.

[ದೃಶ್ಯ: ಮೊಬೈಲ್ ಪರದೆಯಲ್ಲಿ ರೈಲು ಟಿಕೆಟ್ ಕಾಯ್ದಿರಿಸುವ ಪುಟ.]

ಐದು ವರ್ಷ ತುಂಬದ ಮಗುವಿಗೆ ರೈಲಿನಲ್ಲಿ ಟಿಕೆಟ್ ಬೇಡ. ಪ್ರತ್ಯೇಕ ಬರ್ತ್ ಬೇಕೆಂದರೆ ಮಾತ್ರ ಪೂರ್ಣ ದರ. ಐದು ತುಂಬಿ ಹನ್ನೆರಡು ತುಂಬದ ಮಕ್ಕಳಿಗೆ ಬರ್ತ್ ಬೇಡವೆಂದರೆ ಅರ್ಧ ದರ, ಬರ್ತ್ ಬೇಕೆಂದರೆ ದೊಡ್ಡವರಷ್ಟೇ ದರ. 2016ರ ಏಪ್ರಿಲ್‌ನಿಂದ ಹೀಗೆಯೇ ನಡೆದುಕೊಂಡು ಬಂದಿದೆ. ಆರು ವರ್ಷದ ಮಗು ಒಂದು ರಾತ್ರಿ ಅಮ್ಮನ ಪಕ್ಕದಲ್ಲಿ ಮಲಗಬಹುದು. ಉದ್ದ ಬೆಳೆದ ಒಂಬತ್ತರ ಹುಡುಗನಾದರೆ ದಯವಿಟ್ಟು ಬರ್ತ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಇಬ್ಬರಿಗೂ ನಿದ್ದೆಯಿಲ್ಲ. ಗೋವಾಕ್ಕೆ ಹೋಗುವ ವಂದೇ ಭಾರತ್, ಜನಶತಾಬ್ದಿಗಳಂತಹ ಕುರ್ಚಿ ಬೋಗಿಗಳಲ್ಲಿ ಈ ಅರ್ಧ ದರದ ಸೌಲಭ್ಯವಿಲ್ಲ. ಐದು ತುಂಬಿದ್ದರೆ ಪೂರ್ಣ ಟಿಕೆಟ್ಟೇ.

ಕಾಯ್ದಿರಿಸುವಿಕೆ ಈಗ 60 ದಿನ ಮುಂಚೆ, ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. ಚೌತಿಗೆ ಊರಿಗೆ ಹೋಗುವವರು ಕ್ಯಾಲೆಂಡರ್‌ನಲ್ಲಿ ಹಬ್ಬದ ದಿನಕ್ಕಲ್ಲ, ಅದಕ್ಕೂ ಎರಡು ತಿಂಗಳು ಹಿಂದಿನ ದಿನಕ್ಕೆ ಗುರುತು ಹಾಕಿ. ತತ್ಕಾಲ್‌ಗೆ ಹೆಚ್ಚುವರಿ ಹಣ ಕಟ್ಟುವುದು ತಪ್ಪುತ್ತದೆ.

ವಿಮಾನದಲ್ಲಿ ಎರಡು ವರ್ಷ ತುಂಬದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ಹೋಗುವಾಗ ಎರಡು ತುಂಬಿರದೆ ಬರುವಷ್ಟರಲ್ಲಿ ತುಂಬಿದರೆ ಬರುವಾಗ ಸೀಟು ಕೊಳ್ಳಲೇಬೇಕು. ಪುಣೆಯಿಂದ ಬಸ್ಸಿನಲ್ಲಿ ಕೊಲ್ಹಾಪುರದ ಕಡೆಗೆ ಹೊರಡುವ ಅಮ್ಮಂದಿರಿಗೆ ಮಹಾರಾಷ್ಟ್ರದ ಸರ್ಕಾರಿ ಎಸ್‌ಟಿ ಬಸ್ಸುಗಳಲ್ಲಿ 2023ರ ಮಾರ್ಚ್‌ನಿಂದ ಅರ್ಧ ದರವಿದೆ, ಆದರೆ ರಾಜ್ಯದ ಗಡಿಯವರೆಗೆ ಮಾತ್ರ.

[ದೃಶ್ಯ: ಡಬ್ಬಿಗಳ ಹತ್ತಿರದ ನೋಟ.]

ಈಗ ದಣಿವಿನ ಮಾತಿಗೆ ಬರೋಣ. ಮಗು ತಿನ್ನದಿದ್ದರೆ ನಾವು ಕಂಡದ್ದನ್ನೆಲ್ಲ ಕೊಡಿಸುತ್ತೇವೆ: ಚಿಪ್ಸ್, ಜ್ಯೂಸ್, ಮೂರು ನಿಮಿಷ ಬಾಳುವ ಆಟಿಕೆ. ನಾನು ಮೊದಲ ಡಬ್ಬಿಗೆ ಹುರಿದ ತೆಳು ಅವಲಕ್ಕಿ ತುಂಬುತ್ತೇನೆ, ಹಸಿ ತೆಂಗಿನಕಾಯಿ ಹಾಕುವುದಿಲ್ಲ, ಸೆಕೆಗೆ ಹಳಸುತ್ತದೆ. ಎರಡನೆಯದರಲ್ಲಿ ರಾಗಿ ಹುರಿಹಿಟ್ಟು. ಥರ್ಮಸ್‌ನ ಬಿಸಿನೀರು, ಒಂದು ಚೂರು ಬೆಲ್ಲ ಸೇರಿಸಿ ಕಲಸಿದರೆ ಎರಡು ನಿಮಿಷದಲ್ಲಿ ಊಟ. ಮೂರನೆಯ ಡಬ್ಬಿಯ ವಿಷಯ ಕೊನೆಯಲ್ಲಿ ಹೇಳುತ್ತೇನೆ.

[ದೃಶ್ಯ: ಪಣಜಿ, ಮಾಂಡೋವಿ ನದಿಯ ದಂಡೆ.]

ಈ ವರ್ಷ ಊರಿಗೆ ಹೋಗುವ ದಾರಿಯಲ್ಲಿ ಎರಡು ದಿನ ಗೋವಾದಲ್ಲಿ ಇಳಿದೆವು. ಕಲಂಗುಟ್ ಕಡಲತೀರದ ಬದಲು ಪಣಜಿಯ ಬಸ್ ನಿಲ್ದಾಣಕ್ಕೆ ಹತ್ತಿರ ಕೋಣೆ ಹಿಡಿದೆವು. ಗೋವಾ ಸರ್ಕಾರದ ಕದಂಬ ಬಸ್ಸುಗಳು ಕಾಲಬುಡದಲ್ಲೇ ಇದ್ದವು, ಟ್ಯಾಕ್ಸಿಯ ಮಾತೇ ಬರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕೋಣೆಗೆ ಮರಳಿ ಅವಳನ್ನು ಮಲಗಿಸಲೂ ಆಯಿತು. ನನ್ನ ಮಟ್ಟಿಗೆ ಆ ಎರಡು ಗಂಟೆಯ ನಿದ್ದೆಯೇ ಇಡೀ ಪ್ರವಾಸದ ದೊಡ್ಡ ಉಳಿತಾಯ. ಬಸ್ ಯಾವುದೆಂದು ಕೇಳಲು ಹಿಂಜರಿಯಬೇಡಿ. ನಿಲ್ದಾಣದಲ್ಲಿ ಕನ್ನಡ ಬಲ್ಲವರು ಒಬ್ಬರಾದರೂ ಸಿಗಬಹುದು.

ಹಳೆ ಗೋವಾದ ಚರ್ಚುಗಳನ್ನು ನೋಡಿ ನಾವು ದಿವಾಡಿ ದ್ವೀಪಕ್ಕೆ ಹೋಗುವ ಫೆರಿ ಹತ್ತಿದೆವು. ನಡೆದು ಹತ್ತುವವರಿಗೆ ಅದರಲ್ಲಿ ಶುಲ್ಕವಿಲ್ಲ. ಕಬ್ಬಿಣದ ಹಲಗೆ ದಡಕ್ಕೆ ತಾಗಿ ಗರಗರ ಸದ್ದು ಮಾಡಿತು. ಸ್ಕೂಟರ್‌ಗಳೆಲ್ಲ ಒಳಗೆ ನುಗ್ಗಿದವು. ಮಗಳು ಕಂಬಿ ಹಿಡಿದು, ನೀರು ಹಿಂದೆ ಸರಿಯುವುದನ್ನು ಬಾಯಿಬಿಟ್ಟು ನೋಡಿದಳು. ಆಚೆ ದಡ ಮುಟ್ಟಿದ ಕೂಡಲೇ "ಅಮ್ಮಾ, ಇನ್ನೊಂದು ಸಲ" ಎಂದಳು. ನಾಲ್ಕು ಸಲ ಹೋಗಿ ಬಂದೆವು. ದುಡ್ಡು ಕೊಟ್ಟು ಆಡಿದ ನೀರಿನಾಟಗಳಲ್ಲಿ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿಲ್ಲ. ಮುಂಬೈಯಲ್ಲೇ ಉಳಿಯುವವರಿಗೆ ಎಲಿಫೆಂಟಾ ಗುಹೆಗಳ ದ್ವೀಪ ಘಾರಾಪುರಿ ಇದೆ. ದೋಣಿಗೆ ಹಣ ಬೇಕು, ಗುಹೆಗಳಿಗೆ ಮಾತ್ರ ಹದಿನೈದರೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ಸೋಮವಾರ ಹೋಗಬೇಡಿ, ಮುಚ್ಚಿರುತ್ತದೆ.

[ದೃಶ್ಯ: ಬೆಳಗಿನ ಠಾಣೆ ನಿಲ್ದಾಣ.]

ಇನ್ನು ಮರಳುವ ದಾರಿ. ಮಂಗಳೂರಿನಿಂದ ಮುಂಬೈಗೆ ಬರುವ ಮತ್ಸ್ಯಗಂಧ ರೈಲು ಪನ್ವೇಲ್, ಠಾಣೆಗಳಲ್ಲೂ ನಿಲ್ಲುತ್ತದೆ. ಮುಲುಂಡ್, ಡೊಂಬಿವಲಿ, ಕಲ್ಯಾಣದ ಕಡೆಯವರು ಕುರ್ಲಾ ಟರ್ಮಿನಸ್‌ವರೆಗೆ ಹೋಗಿ ಹಿಂದಕ್ಕೆ ಬರುವ ಅಗತ್ಯವಿಲ್ಲ. ಬೆಳಗಿನ ಹೊತ್ತು ಜನರೆಲ್ಲ ದಕ್ಷಿಣ ಮುಂಬೈ ಕಡೆಗೆ ಹೋಗುವುದರಿಂದ ಕಲ್ಯಾಣದ ಕಡೆಯ ನಿಧಾನ ಲೋಕಲ್ ರೈಲಿನಲ್ಲಿ ಕೂರಲು ಜಾಗ ಸಿಗುತ್ತದೆ.

ಮೂರನೆಯ ಡಬ್ಬಿಯನ್ನು ತೆರೆಯಬೇಕಾದದ್ದು ಪ್ರಯಾಣದ ಈ ಕೊನೆಯ ಹಂತದಲ್ಲಿ. ಎರಡು ರವೆ ಉಂಡೆ, ಒಂದು ಬಾಳೆಹಣ್ಣು, ಅವಳು ಮರೆತೇಬಿಟ್ಟಿದ್ದ ಹಳೆಯ ಬಣ್ಣದ ಸೀಸದ ಕಡ್ಡಿಗಳು, ಒಂದು ನೋಟ್‌ಬುಕ್. ಪ್ರಯಾಣದುದ್ದಕ್ಕೂ ಅದನ್ನು ಚೀಲದ ತಳದಲ್ಲಿ ಅಡಗಿಸಿಡುತ್ತೇನೆ, ಎಷ್ಟು ಗೋಗರೆದರೂ ತೆಗೆಯುವುದಿಲ್ಲ. ಈ ಸಲ ಪನ್ವೇಲ್ ದಾಟಿದ ಮೇಲೆ ಬಿಚ್ಚಿದೆ. ಠಾಣೆಯಲ್ಲಿ ಇಳಿದು ಲೋಕಲ್ ಹತ್ತಿದೆವು. ಕಿಟಕಿ ಪಕ್ಕ ಕುಳಿತು ಅವಳು ಫೆರಿಯ ಚಿತ್ರ ಬರೆದಳು, ನಾವು ಡೊಂಬಿವಲಿಯಲ್ಲಿ ಇಳಿದು ಮನೆಗೆ ನಡೆದೆವು.