ತಿರುಗಿಸಿ ನೋಡಿ, ಉಜ್ಜಬೇಡಿ: ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಕಾಲದ ಕುರ್ಚಿ, ಮೇಜು, ಬಟ್ಟೆ

(ತೆರೆಯ ಮೇಲೆ: ಪಕ್ಕಪಕ್ಕದಲ್ಲಿ ಎರಡು ಓಕ್ ಕುರ್ಚಿಗಳು)

ನಮಸ್ಕಾರ. ಈ ಎರಡು ಕುರ್ಚಿ ನೋಡಿ. ವಿನ್ಯಾಸ ಒಂದೇ, ಮರ ಒಂದೇ, ವಯಸ್ಸೂ ಹೆಚ್ಚುಕಡಿಮೆ ಒಂದೇ. ಎಡಗಡೆಯದು ಫಳಫಳ ಹೊಳೀತಿದೆ. ಬಲಗಡೆಯದು ಕಂದುಗಪ್ಪಾಗಿದೆ, ಕೈ ಊರುವ ಜಾಗ ಸವೆದಿದೆ, ಯಾರೋ ಲೋಟ ಇಟ್ಟ ಕಲೆಯೂ ಉಳಿದಿದೆ. ಹಳೆಯ ಸಾಮಾನು ಸಂಗ್ರಹಿಸುವವರು ಹೆಚ್ಚು ಹಣ ಕೊಡೋದು ಬಲಗಡೆಯದಕ್ಕೆ. ಎಡಗಡೆಯದರ ಬೆಲೆಯ ದೊಡ್ಡ ಪಾಲು ಮರಳುಕಾಗದದ ಜೊತೆಗೇ ಹೊರಟುಹೋಗಿದೆ. ಯಾಕೆ ಅಂತ ಈ ವಿಡಿಯೋದಲ್ಲಿ ಹೇಳ್ತೀನಿ.

ಹಿನ್ನೆಲೆ ಬೇಗ ಮುಗಿಸೋಣ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಕಾರ್ಖಾನೆಗಳು ಮೇಜು, ಕುರ್ಚಿ, ಪರದೆ ಬಟ್ಟೆಗಳನ್ನು ರಾಶಿ ರಾಶಿ ಹೊರಹಾಕ್ತಿದ್ದವು. ಅಗ್ಗದ ಮರದ ಮೇಲೆ ಅಂಟಿಸಿದ ಅಲಂಕಾರ, ಕೆಲಸದಲ್ಲಿ ಯಾವ ಸಂತೋಷವೂ ಇಲ್ಲದ ಕೂಲಿ. ಕಲಾ ವಿಮರ್ಶಕ ಜಾನ್ ರಸ್ಕಿನ್ ಇದನ್ನು ಕಟುವಾಗಿ ಟೀಕಿಸಿ ಬರೆದರು. ಅವರನ್ನು ಓದಿ ಬೆಳೆದ ವಿನ್ಯಾಸಕಾರ ವಿಲಿಯಂ ಮಾರಿಸ್ 1861ರಲ್ಲಿ ಗೆಳೆಯರ ಜೊತೆ ಸೇರಿ ಸ್ವಂತ ಕಂಪನಿ ತೆರೆದರು. 1887ರಲ್ಲಿ ಲಂಡನ್‌ನಲ್ಲಿ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಎಕ್ಸಿಬಿಷನ್ ಸೊಸೈಟಿ ಹುಟ್ಟಿತು. ಕೈಕೆಲಸಕ್ಕೆ ಮತ್ತೆ ಬೆಲೆ ತರಲು ಹೊರಟ ಈ ಚಳವಳಿಗೆ ಹೆಸರು ಬಂದಿದ್ದು ಅಲ್ಲಿಂದ.

ಮಾರಿಸ್ ಬಯಸಿದ್ದು ಸಾಮಾನ್ಯರ ಮನೆಗೂ ಒಳ್ಳೆಯ ವಸ್ತು ಸೇರಲಿ ಅಂತ. ಆದರೆ ಕೈಕೆಲಸಕ್ಕೆ ತಗಲುವ ಖರ್ಚಿನಿಂದಾಗಿ ಕೊಂಡವರು ಬಹುಪಾಲು ಶ್ರೀಮಂತರೇ. ಆ ಕಗ್ಗಂಟನ್ನು ಸ್ವಲ್ಪ ಮಟ್ಟಿಗೆ ಬಿಡಿಸಿದವರು ಅಮೆರಿಕದ ಗುಸ್ಟಾವ್ ಸ್ಟಿಕ್ಲಿ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಪಕ್ಕದ ಈಸ್ಟ್‌ವುಡ್‌ನಲ್ಲಿ ಅವರ ಕಾರ್ಖಾನೆ. 1901ರಲ್ಲಿ 'ದಿ ಕ್ರಾಫ್ಟ್ಸ್‌ಮನ್' ಅನ್ನೋ ಪತ್ರಿಕೆ ಶುರುಮಾಡಿದರು, ಮೊದಲ ಸಂಚಿಕೆಯನ್ನು ಪೂರ್ತಿ ಮಾರಿಸ್‌ಗೇ ಮೀಸಲಿಟ್ಟರು. ಮರ ಕೊಯ್ಯೋದಕ್ಕೆ, ಹತ್ತರಿ ಹೊಡೆಯೋದಕ್ಕೆ ಯಂತ್ರ ಬಳಸಲು ಅವರು ಹಿಂಜರಿಯಲಿಲ್ಲ. ನನಗೆ ಇದು ರಾಜಿ ಅನ್ನಿಸೋದಿಲ್ಲ. ಬೆನ್ನು ಮುರಿಯುವ ಕೆಲಸ ಯಂತ್ರಕ್ಕೆ, ಜೋಡಣೆ ಮತ್ತು ಮೆರುಗು ಮನುಷ್ಯನ ಕೈಗೆ. ನಮ್ಮಂಥವರ ಕೈಗೂ ಎಟುಕುವ ಹಳೆಯ ಕುರ್ಚಿ, ಮೇಜುಗಳು ಇವತ್ತಿಗೂ ಸಿಗ್ತಿರೋದು ಆ ನಿರ್ಧಾರದಿಂದ.

(ತೆರೆಯ ಮೇಲೆ: ಓಕ್ ಹಲಗೆಯ ಹತ್ತಿರದ ನೋಟ)

ಈಗ ಮರಕ್ಕೆ ಬರೋಣ. ಈ ಹಲಗೆಯ ಮೇಲೆ ಹುಲಿಪಟ್ಟೆಯಂಥ ಹೊಳಪಿನ ಗೆರೆಗಳು ಕಾಣ್ತಿವೆಯಲ್ಲ? ಮರದ ನಡುವಿನಿಂದ ಹೊರಕ್ಕೆ ಹರಡುವ ಕಿರಣದಂಥ ಎಳೆಗಳು ಓಕ್‌ನಲ್ಲಿ ಇರ್ತವೆ. ದಿಮ್ಮಿಯನ್ನು ಮೊದಲು ಉದ್ದಕ್ಕೆ ನಾಲ್ಕು ಹೋಳು ಮಾಡಿ, ಆಮೇಲೆ ನಡುವಿನ ಕಡೆಗೆ ಗರಗಸ ಹಾಯಿಸಿದರೆ ಆ ಎಳೆಗಳು ಮೇಲ್ಮೈಯಲ್ಲಿ ತೆರೆದುಕೊಳ್ತವೆ. ಮರ ಹೆಚ್ಚು ವ್ಯರ್ಥವಾಗುತ್ತೆ, ಆದರೆ ಹಲಗೆ ಅಷ್ಟಾಗಿ ಸೊಟ್ಟಗಾಗೋದಿಲ್ಲ.

ಇಲ್ಲೊಂದು ತೊಡಕಿದೆ. ಹೀಗೆ ಕೊಯ್ದ ಮರದಿಂದ ಮೇಜಿನ ಕಾಲು ಮಾಡಿದರೆ ಆ ಪಟ್ಟೆ ಕಾಣೋದು ಎದುರುಬದುರಿನ ಎರಡು ಮುಖಗಳಲ್ಲಿ ಮಾತ್ರ. ಗುಸ್ಟಾವ್ ಅವರ ತಮ್ಮಂದಿರಾದ ಲಿಯೊಪೋಲ್ಡ್ ಮತ್ತು ಜಾನ್ ಜಾರ್ಜ್ ಫೇಯೆಟ್‌ವಿಲ್‌ನಲ್ಲಿ ಬೇರೆ ಕಾರ್ಖಾನೆ ನಡೆಸ್ತಿದ್ದರು. ಅವರು ಒಂದು ಸಣ್ಣ ತಿರುಳಿನ ಸುತ್ತ ನಾಲ್ಕು ಪಟ್ಟಿಗಳನ್ನು ಬೆಸೆದು, ನಾಲ್ಕೂ ಕಡೆ ಪಟ್ಟೆ ಕಾಣೋ ಕಾಲು ಮಾಡಿದರು. ಮೇಜನ್ನು ಮಗುಚಿ ಕಾಲಿನ ತಳ ನೋಡಿ, ಆ ಐದು ತುಂಡುಗಳ ಜೋಡಣೆ ಕಣ್ಣಿಗೆ ಬೀಳುತ್ತೆ. ಕಂಪನಿಯ ಹೆಸರಿನ ಚೀಟಿ ಉದುರಿಹೋಗಿದ್ದರೂ ಇಂಥ ಕಾಲು ಬಲವಾದ ಸಾಕ್ಷಿ. ಸ್ಟಿಕ್ಲಿ ಅಣ್ಣತಮ್ಮಂದಿರು ಒಟ್ಟು ಐವರು, ಐವರೂ ಈ ವ್ಯಾಪಾರದಲ್ಲಿದ್ದವರೇ. ಆದ್ದರಿಂದ ಮಾರುವವರು 'ಸ್ಟಿಕ್ಲಿ' ಅಂದ ತಕ್ಷಣ 'ಯಾವ ಸ್ಟಿಕ್ಲಿ?' ಅಂತ ಕೇಳಿ. ಬೆಲೆ ಅದರ ಮೇಲೆ ನಿಂತಿದೆ.

ಇನ್ನು ಬಣ್ಣ. ನನಗೆ ತುಂಬ ಇಷ್ಟವಾದ ಭಾಗ ಇದೇ. ಆ ಕಂದುಬಣ್ಣ ಬಳಿದಿದ್ದಲ್ಲ. ಓಕ್‌ನಲ್ಲಿ ಟ್ಯಾನಿನ್ ಅನ್ನೋ ಒಗರಿನ ಅಂಶ ಇದೆ. ಮಾಡಿ ಮುಗಿಸಿದ ಕುರ್ಚಿಯನ್ನು ಗಾಳಿಯಾಡದ ಕೋಣೆಯಲ್ಲಿಟ್ಟು, ಪಕ್ಕದಲ್ಲಿ ತೀಕ್ಷ್ಣವಾದ ಅಮೋನಿಯ ದ್ರಾವಣ ಇಟ್ಟು ಬಾಗಿಲು ಹಾಕ್ತಿದ್ದರು. ಆವಿಯೂ ಟ್ಯಾನಿನ್ನೂ ಸೇರಿ ಮರ ಒಂದೆರಡು ದಿನದಲ್ಲಿ ತಾನಾಗಿ ಕಪ್ಪೇರುತ್ತೆ. ಬಣ್ಣ ಇರೋದು ಮರದ ಮೇಲ್ಪದರದ ಒಳಗೇ. ಅದರ ಮೇಲೆ ತೆಳುವಾದ ಮೆರುಗು, ಮೇಣ, ಮತ್ತೆ ನೂರು ವರ್ಷದ ಬಳಕೆ.

ಮರಳುಕಾಗದ ಹಿಡಿದವರು ತೆಗೆದುಹಾಕೋದು ಈ ಪದರವನ್ನೇ. ಮಾರುಕಟ್ಟೆಯಲ್ಲಿ ಸಿಗುವ ಯಾವ ಡಬ್ಬಿಯ ಬಣ್ಣದಿಂದಲೂ ಅದು ವಾಪಸ್ ಬರೋದಿಲ್ಲ. ಧೂಳು ಹಿಡಿದಿದ್ದರೆ ಮೆತ್ತನೆಯ ಒಣಬಟ್ಟೆಯಲ್ಲಿ ಒರೆಸಿ, ಬೇಕಾದರೆ ಸ್ವಲ್ಪ ಮೇಣ ಹಚ್ಚಿ. ಅದಕ್ಕಿಂತ ಮುಂದೆ ಹೋಗಬೇಡಿ, ದಯವಿಟ್ಟು.

(ತೆರೆಯ ಮೇಲೆ: ಕೈವಾರದ ಗುರುತು, ಕೆಂಪು ಬಣ್ಣದಲ್ಲಿ)

ಗುಸ್ಟಾವ್ ಅವರ ಗುರುತು ಹೀಗಿದೆ: ಬಡಗಿಯ ಕೈವಾರ, ಅದರ ನಡುವೆ 'ಅಲ್ಸ್ ಇಕ್ ಕನ್' (ನನ್ನಿಂದಾದಷ್ಟು) ಅನ್ನೋ ಫ್ಲೆಮಿಶ್ ಮಾತು, ಕೆಳಗೆ ಸಹಿ. ಮೊದಲ ವರ್ಷಗಳಲ್ಲಿ ಕೆಂಪು ಅಂಟುಚಿತ್ರ, ಕೊನೆಯ ವರ್ಷಗಳಲ್ಲಿ ಮರಕ್ಕೆ ಸುಟ್ಟು ಒತ್ತಿದ ಮುದ್ರೆ. ಕುರ್ಚಿಯ ಹಿಂಗಾಲಿನಲ್ಲೋ ಡ್ರಾಯರ್ ಒಳಗೋ ಸಿಗಬಹುದು. ಆದರೆ ಅಂಟುಚಿತ್ರವನ್ನು ಯಾರು ಬೇಕಾದರೂ ಅಂಟಿಸಬಹುದು. ಗುರುತು ನೋಡಿ ಕೊಳ್ಳಬೇಡಿ, ಸಾಮಾನು ನೋಡಿ ಕೊಳ್ಳಿ, ಗುರುತು ಸಿಕ್ಕರೆ ಸಂತೋಷ ಪಡಿ.

ಸಾಮಾನು ನೋಡೋದು ಅಂದರೆ ಏನು? ಕುರ್ಚಿಯ ಕೈಯ ಹಲಗೆಯನ್ನು ಭೇದಿಸಿ ಕಾಲಿನ ತುದಿ ಮೇಲೆ ಇಣುಕ್ತಿದ್ದರೆ, ಅದು ನಿಜವಾಗಿ ಒಳಗಿನಿಂದ ಬಂದಿದೆಯೋ, ಮೇಲೆ ಅಂಟಿಸಿದ ಚೌಕವೋ ಅಂತ ಎಳೆಯ ದಿಕ್ಕು ನೋಡಿ. ನಿಜವಾದದ್ದರ ತುದಿಯಲ್ಲಿ ಕತ್ತರಿಸಿದ ಎಳೆಗಳ ಬಾಯಿ ಕಾಣುತ್ತೆ. ಡ್ರಾಯರ್ ಎಳೆದು ತಳದ ಅಂಚು ಮುಟ್ಟಿ, ನೂರು ವರ್ಷ ಜಾರಿದ ಮರ ಸವೆದಿರಲೇಬೇಕು. ತಾಮ್ರದ ಹಿಡಿಯ ಸುತ್ತ ಬೇರೆ ಆಕಾರದ ನೆರಳು ಬಿದ್ದಿದ್ದರೆ ಹಿಡಿ ಬದಲಾಗಿದೆ. ಕಾಲುಗಳನ್ನು ಕತ್ತರಿಸಿ ಗಿಡ್ಡ ಮಾಡಿರೋದೂ ಉಂಟು, ಅದಕ್ಕೆ ಹಳೆಯ ಕ್ಯಾಟಲಾಗಿನ ಅಳತೆ ಜೊತೆಗಿರಲಿ.

ಗುಸ್ಟಾವ್ 1915ರಲ್ಲಿ ದಿವಾಳಿಯಾದರು. ಮುಂದಿನ ವರ್ಷ ಪತ್ರಿಕೆಯೂ ನಿಂತಿತು. ಆಮೇಲೆ ದಶಕಗಳ ಕಾಲ ಈ ಸಾಮಾನುಗಳನ್ನು ಕೇಳುವವರಿರಲಿಲ್ಲ. 1972ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ನಡೆದ ಒಂದು ಪ್ರದರ್ಶನ ಜನರ ಕಣ್ಣು ತೆರೆಸಿತು. 1988ರಲ್ಲಿ ಗಾಯಕಿ ಬಾರ್ಬ್ರಾ ಸ್ಟ್ರೈಸಂಡ್, ಗುಸ್ಟಾವ್ ಸ್ವಂತ ಮನೆಯಲ್ಲಿದ್ದ ಸೈಡ್‌ಬೋರ್ಡ್ (ಊಟದ ಕೋಣೆಯ ಕಪಾಟು) ಒಂದನ್ನು ಹರಾಜಿನಲ್ಲಿ 3,63,000 ಡಾಲರ್‌ಗೆ ಕೊಂಡರು. ಮರುವರ್ಷವೇ ಸ್ಟಿಕ್ಲಿ ಕಂಪನಿಯ ಹೊಸ ಒಡೆಯರು ಹಳೆಯ ವಿನ್ಯಾಸಗಳನ್ನು ಮತ್ತೆ ತಯಾರಿಸೋಕೆ ಶುರುಮಾಡಿದರು. ಅವು ಒಳ್ಳೆಯ ಸಾಮಾನುಗಳೇ, ಆದರೆ ಪುರಾತನ ಅಲ್ಲ. ಅವಕ್ಕೂ ಈಗ ಮೂವತ್ತು ದಾಟಿ ಸ್ವಲ್ಪ ಸವೆತ ಬಂದಿದೆ, ಎಚ್ಚರ ಇರಲಿ.

(ತೆರೆಯ ಮೇಲೆ: 'ಸ್ಟ್ರಾಬೆರಿ ಥೀಫ್' ಬಟ್ಟೆ)

ಬಟ್ಟೆಗಳ ಕತೆ ಇನ್ನೂ ಸೊಗಸು. ಇದು ಮಾರಿಸ್ ಅವರ 1883ರ ವಿನ್ಯಾಸ. ಕೆಲ್ಮ್‌ಸ್ಕಾಟ್‌ನ ಮನೆಯ ತೋಟದಲ್ಲಿ ಥ್ರಷ್ ಹಕ್ಕಿಗಳು ಸ್ಟ್ರಾಬೆರಿ ಕದಿಯೋದನ್ನು ನೋಡಿ ಬರೆದದ್ದು. ಮೊದಲು ಇಡೀ ಬಟ್ಟೆಯನ್ನು ಇಂಡಿಗೋ ಗಿಡದ ನೀಲಿಯ ತೊಟ್ಟಿಯಲ್ಲಿ ಅದ್ದಿ, ಆಮೇಲೆ ಬೇಡವಾದ ಕಡೆ ಅಚ್ಚಿನಿಂದ ಬಣ್ಣ ಕಳೆಯುವ ರಾಸಾಯನಿಕ ಒತ್ತಿ ನೀಲಿ ತೆಗೆಯೋದು. ಹೀಗೆ ಬೆಳ್ಳಗಾದ ಜಾಗದಲ್ಲಿ ಮ್ಯಾಡರ್ ಬೇರಿನ ಕೆಂಪು, ವೆಲ್ಡ್ ಗಿಡದ ಹಳದಿ. ಇದನ್ನು ಲಂಡನ್ ಹೊರವಲಯದ ಮರ್ಟನ್ ಆಬಿಯಲ್ಲಿದ್ದ ಮಾರಿಸ್ ಕಾರ್ಖಾನೆಯಲ್ಲಿ, ಅಚ್ಚಿನ ಮೇಲೆ ಅಚ್ಚು ಒತ್ತಿ, ದಿನಗಟ್ಟಲೆ ಮಾಡ್ತಿದ್ದರು. ಆ ಕಾಲದಲ್ಲಿ ಯುರೋಪಿಗೆ ಗಿಡದ ನೀಲಿಯ ದೊಡ್ಡ ಪಾಲು ಹೋಗ್ತಿದ್ದದ್ದು ಭಾರತದಿಂದ, ಅದರ ಹಿಂದೆ ಬಂಗಾಳ, ಬಿಹಾರದ ರೈತರು ಪಟ್ಟ ಪಾಡೂ ಇದೆ. ಬಟ್ಟೆಯ ಚೆಲುವನ್ನು ಹೊಗಳುವಾಗ ಅದನ್ನು ಬಿಟ್ಟು ಹೇಳೋದು ನನಗೆ ಸರಿ ಕಾಣೋದಿಲ್ಲ.

ಇನ್ನೊಂದು ನಂಟೂ ಉಂಟು. ಗಿಡದ ಬಣ್ಣಗಳನ್ನು ಮಾರಿಸ್ ಕಲಿತದ್ದು ಇಂಗ್ಲೆಂಡಿನ ಲೀಕ್ ಪಟ್ಟಣದಲ್ಲಿ ಬಣ್ಣಗಾರಿಕೆ ನಡೆಸ್ತಿದ್ದ ಥಾಮಸ್ ವಾರ್ಡ್ಲ್ ಜೊತೆ. ನಮ್ಮ ಟಸರ್ ರೇಷ್ಮೆಗೆ ಬಣ್ಣ ಹಿಡಿಸೋದನ್ನು ಪಳಗಿಸಿಕೊಂಡವರು ಈ ವಾರ್ಡ್ಲ್. ಅವರ ಪತ್ನಿ ಎಲಿಜಬೆತ್ 1879ರಲ್ಲಿ ಲೀಕ್ ಎಂಬ್ರಾಯ್ಡರಿ ಸೊಸೈಟಿ ಕಟ್ಟಿದರು. ಅಲ್ಲಿನ ಹೆಂಗಸರ ಕಸೂತಿಯಲ್ಲಿ ಟಸರ್ ಬಟ್ಟೆ, ಟಸರ್ ದಾರ ಮತ್ತೆ ಮತ್ತೆ ಸಿಗ್ತವೆ.

ಹಳೆಯ ಮಾರಿಸ್ ಬಟ್ಟೆ ಸಿಕ್ಕರೆ, ನಮ್ಮಮ್ಮಂದಿರು ಅಂಗಡಿಯಲ್ಲಿ ಸೀರೆಯ ಸೆರಗು ತಿರುವಿ ನೋಡುವ ಹಾಗೆ ಮೊದಲು ಅಂಚು ತಿರುವಿ. ಅಚ್ಚಿನ ಬಟ್ಟೆಗಳ ಅಂಚಿನಲ್ಲಿ ಕಂಪನಿಯ ಹೆಸರು, ಹಲವು ಸಲ '449 ಆಕ್ಸ್‌ಫರ್ಡ್ ಸ್ಟ್ರೀಟ್' ಅನ್ನೋ ವಿಳಾಸವೂ ಇರುತ್ತೆ. ಅವರ ಅಂಗಡಿ ಅಲ್ಲಿದ್ದದ್ದು 1877ರಿಂದ 1917ರವರೆಗೆ. ವಿಳಾಸ ಇದ್ದರೆ ಕಾಲ ತಿಳಿಯೋಕೆ ಒಂದು ಹಿಡಿ ಸಿಕ್ಕಿತು. ಮುಂದೆ ಹಸಿರು ಎಲೆಗಳನ್ನು ನೋಡಿ. ನೀಲಿಯ ಮೇಲೆ ಹಳದಿ ಹಾಕಿ ಮಾಡಿದ ಹಸಿರು ಅದು, ಬಿಸಿಲಿಗೆ ಹಳದಿ ಮೊದಲು ಹೋಗುತ್ತೆ. ಎಲೆ ನೀಲಿಯಾಗಿದ್ದು, ಹೊಲಿಗೆಯ ಒಳಮಡಿಕೆಯಲ್ಲಿ ಮಾತ್ರ ಹಸಿರು ಉಳಿದಿದ್ದರೆ, ಆ ಪರದೆ ಎಷ್ಟೋ ವರ್ಷ ಕಿಟಕಿಯಲ್ಲಿ ತೂಗಿದೆ.

ಇಂಥ ಬಟ್ಟೆ ಒಗೆಯಬೇಡಿ, ಇಸ್ತ್ರಿ ಮಾಡಬೇಡಿ. ಮಡಿಚಿಟ್ಟರೆ ಮಡಿಕೆಯಲ್ಲೇ ಎಳೆ ಹರಿಯುತ್ತೆ, ಆದ್ದರಿಂದ ಆಮ್ಲರಹಿತ ಕಾಗದ ಸುತ್ತಿದ ಕೊಳವೆಗೆ ಸುರುಳಿ ಸುತ್ತಿ ಕತ್ತಲಲ್ಲಿಡಿ. ಹಣ ಕಡಿಮೆ ಇರುವವರಿಗೆ ನನ್ನ ಸಲಹೆ: ದೊಡ್ಡ ಹೆಸರಿನ ಹಿಂದೆ ಓಡದೆ, 1900ರ ದಶಕದ ಅಮೆರಿಕನ್ ಕಸೂತಿ ಲಿನನ್‌ಗಳಿಂದ ಶುರುಮಾಡಿ. ಬಟ್ಟೆಯ ಮೇಲೆ ಚಿತ್ರ ಅಚ್ಚೊತ್ತಿ, ದಾರದ ಸಮೇತ ಅಂಚೆಯಲ್ಲಿ ಕಳಿಸ್ತಿದ್ದರು, ಮನೆಯ ಹೆಂಗಸರು ಹೊಲಿದು ಮುಗಿಸ್ತಿದ್ದರು. ಹೊಲಿದವರ ಹೆಸರು ಎಲ್ಲೂ ಇರೋದಿಲ್ಲ, ಆದರೆ ಪ್ರತಿಯೊಂದರಲ್ಲೂ ಬೇರೆ ಕೈ ಕಾಣುತ್ತೆ.

ಕೊಳ್ಳುವ ಮುಂಚೆ ಕಣ್ಣು ಪಳಗಬೇಕು. ಲಂಡನ್‌ನಲ್ಲಿರುವವರು ವಾಲ್ಥಮ್‌ಸ್ಟೋದ ವಿಲಿಯಂ ಮಾರಿಸ್ ಗ್ಯಾಲರಿಗೆ ಹೋಗಿ, ಮಾರಿಸ್ ಹುಡುಗನಾಗಿದ್ದಾಗ ಅವರ ಕುಟುಂಬ ಇದ್ದ ಮನೆ ಅದು, ಪ್ರವೇಶ ಉಚಿತ. ನ್ಯೂಜೆರ್ಸಿಯಲ್ಲಿ ನಮ್ಮ ಕನ್ನಡಿಗರು ಬಹಳ ಜನ ಇದ್ದೀರಿ. ಪಾರ್ಸಿಪನಿಯಲ್ಲೇ ಗುಸ್ಟಾವ್ ಕಟ್ಟಿಸಿದ ಕ್ರಾಫ್ಟ್ಸ್‌ಮನ್ ಫಾರ್ಮ್ಸ್ ಇದೆ. ಆ ಜಾಗದಲ್ಲಿ ಸಾಲುಮನೆ ಕಟ್ಟಲು ಹೊರಟಿದ್ದಾಗ, 1989ರಲ್ಲಿ ಊರಿನ ಆಡಳಿತವೇ ಅದನ್ನು ವಶಪಡಿಸಿಕೊಂಡು ಉಳಿಸಿತು. ಈಗ ಅದು ಮ್ಯೂಸಿಯಂ. ದಿಮ್ಮಿಗಳಿಂದ ಕಟ್ಟಿದ ಆ ಮನೆಯೊಳಗೆ ನಿಂತಾಗ ಕುರ್ಚಿಯ ಬಣ್ಣ, ಗೋಡೆಯ ಬಣ್ಣ, ಮೇಜಿನ ಲಿನನ್ ಮೂರನ್ನೂ ಒಟ್ಟಿಗೆ ನೋಡಿ, ಮಾರ್ಗದರ್ಶಕರನ್ನು ಧಾರಾಳವಾಗಿ ಪ್ರಶ್ನೆ ಕೇಳಿ.