ವರದಿ ಹೇಳದೆ ಬಿಟ್ಟ ಮೂವತ್ತು ಗಂಟೆ: ಸ್ಟೀಫನ್ ಕ್ರೇನ್ ಮತ್ತು ಅಮೆರಿಕದ ಪತ್ರಕರ್ತ-ಕಥೆಗಾರರು

ಮಾನ್ಯ ಅಧ್ಯಕ್ಷರೇ, ಸಾಹಿತ್ಯಾಸಕ್ತ ಬಂಧುಗಳೇ,

1897ರ ಜನವರಿ 7ರಂದು ‘ನ್ಯೂಯಾರ್ಕ್ ಪ್ರೆಸ್’ ಪತ್ರಿಕೆಯಲ್ಲಿ ಒಂದು ವರದಿ ಅಚ್ಚಾಯಿತು. ಸ್ಪೇನಿನ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಕ್ಯೂಬಾದ ಬಂಡುಕೋರರಿಗೆಂದು ಆಯುಧಗಳನ್ನೂ ಆಳುಗಳನ್ನೂ ತುಂಬಿಕೊಂಡು ಫ್ಲಾರಿಡಾದ ಜಾಕ್ಸನ್‌ವಿಲ್‌ನಿಂದ ಹೊರಟಿದ್ದ ‘ಕಮೊಡೋರ್’ ಎಂಬ ಹಡಗು ಜನವರಿ 2ರ ಬೆಳಗ್ಗೆ ಮುಳುಗಿದ ವೃತ್ತಾಂತ ಅದು. ಬರೆದವನು ಅದೇ ಹಡಗಿನಲ್ಲಿದ್ದ ಇಪ್ಪತ್ತೈದು ವರ್ಷದ ವರದಿಗಾರ ಸ್ಟೀಫನ್ ಕ್ರೇನ್. ಅದೇ ವರ್ಷದ ಜೂನ್ ತಿಂಗಳಲ್ಲಿ ‘ಸ್ಕ್ರಿಬ್ನರ್ಸ್’ ಮಾಸಪತ್ರಿಕೆ ಅವನ ‘ದಿ ಓಪನ್ ಬೋಟ್’ ಎಂಬ ಕಥೆಯನ್ನು ಪ್ರಕಟಿಸಿತು. ಎರಡರ ಹಿಂದಿರುವ ಅನುಭವ ಒಂದೇ, ಅನುಭವಿಸಿದವನೂ ಒಬ್ಬನೇ, ನಡುವಿನ ಅಂತರ ಆರು ತಿಂಗಳೂ ಇಲ್ಲ. ಆದರೂ ಒಂದನ್ನು ಓದಿದವರಿಗೆ ಇನ್ನೊಂದರಲ್ಲಿ ಏನಿದೆಯೆಂದು ಊಹಿಸಲು ಸಾಧ್ಯವಾಗುವುದಿಲ್ಲ. ಇಂದು ನಾನು ಮುಖ್ಯವಾಗಿ ಈ ಎರಡು ಬರಹಗಳನ್ನು ಎದುರಿಗಿಟ್ಟುಕೊಂಡು ಮಾತನಾಡಬೇಕೆಂದಿದ್ದೇನೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಮುಂದಿನ ಶತಮಾನದ ಮೊದಲ ದಶಕಗಳವರೆಗೆ ಅಮೆರಿಕದ ದೊಡ್ಡ ಗದ್ಯಲೇಖಕರಲ್ಲಿ ಹಲವರು ವರದಿಗಾರರಾಗಿದ್ದರು. ಮಾರ್ಕ್ ಟ್ವೇನ್, ಆಂಬ್ರೋಸ್ ಬಿಯರ್ಸ್, ಥಿಯೊಡೋರ್ ಡ್ರೈಸರ್, ಕ್ರೇನ್, ಆಮೇಲೆ ಹೆಮಿಂಗ್ವೆ. ಪತ್ರಿಕೆಯೇ ಇವರ ಗರಡಿಮನೆ, ಅಲ್ಲಿ ಪಳಗಿದ್ದರಿಂದ ಇವರ ಗದ್ಯ ಬಿಗಿಯಾಯಿತು ಎಂಬುದು ರೂಢಿಯಲ್ಲಿರುವ ಮಾತು. ಹೆಮಿಂಗ್ವೆಯ ಮಟ್ಟಿಗೆ ಇದು ಒಪ್ಪತಕ್ಕದ್ದೇ. ಆದರೆ 1890ರ ದಶಕದ ನ್ಯೂಯಾರ್ಕ್ ಪತ್ರಿಕೆಗಳನ್ನು ನಿಜವಾಗಿ ಓದಿದವರು ಅಲ್ಲಿನ ಗದ್ಯವನ್ನು ಬಿಗಿ ಎನ್ನಲಾರರು. ಅಲ್ಲಿ ವಿಶೇಷಣಗಳ ಜಾತ್ರೆಯೇ ನೆರೆದಿರುತ್ತದೆ. ಪತ್ರಿಕೆ ಇವರಿಗೆ ಏನು ಕಲಿಸಿತು ಎನ್ನುವುದಕ್ಕಿಂತ ಏನನ್ನು ಬರೆಯಗೊಡಲಿಲ್ಲ ಎಂಬ ಪ್ರಶ್ನೆ ನನಗೆ ಹೆಚ್ಚು ಉಪಯುಕ್ತವೆನಿಸಿದೆ. ಜಾಗ ಸಾಲದೆಂದೋ, ಹೊತ್ತು ಮೀರಿತೆಂದೋ, ಓದುಗರಿಗೆ ಬೇಡವೆಂದೋ ವರದಿ ಕೈಬಿಟ್ಟ ಸಂಗತಿಗಳನ್ನು ಮರೆಯಲಾರದೆ ಹೋದವರು ಕಥೆಗೆ ಬಂದರು ಎಂಬುದು ನನ್ನ ಗ್ರಹಿಕೆ.

ಡಿ.ವಿ.ಜಿ., ಲಂಕೇಶ್ ಅವರ ಭಾಷೆಯವರಾದ ನಮಗೆ ಸಾಹಿತಿಯೊಬ್ಬ ಪತ್ರಕರ್ತನೂ ಆಗಿರುವುದು ವಿಶೇಷವೆನಿಸುವುದಿಲ್ಲ. ಆದರೆ ನಮ್ಮಲ್ಲಿ ಇಂಥವರು ಬಹುತೇಕ ಸಂಪಾದಕರು; ತಮ್ಮ ಪತ್ರಿಕೆಯನ್ನು ತಾವೇ ಕಟ್ಟಿದವರು, ಯಾವುದು ಅಚ್ಚಾಗಬೇಕೆಂದು ನಿರ್ಧರಿಸುವ ಕುರ್ಚಿಯಲ್ಲಿ ತಾವೇ ಕುಳಿತವರು. ಅಮೆರಿಕದ ಕಥೆಗಾರರು ಹೆಚ್ಚಾಗಿ ಬೀದಿಗೆ ಕಳುಹಿಸಲ್ಪಡುವ ಆಳುಗಳು. ಕಾಲಮ್ಮಿನ ಉದ್ದ ಅಳೆದು ಸಂಭಾವನೆ ಕೊಡುವ ಪದ್ಧತಿ ಅಲ್ಲಿತ್ತು. ನಮ್ಮ ತಾಲ್ಲೂಕು ಮಟ್ಟದ ಅರೆಕಾಲಿಕ ವರದಿಗಾರರಿಗೆ ಈ ಲೆಕ್ಕವನ್ನು ನಾನು ವಿವರಿಸಬೇಕಾಗಿಲ್ಲ.

ಆ ಕಾಲದ ಪತ್ರಿಕೆಯಲ್ಲಿ ವಾಸ್ತವಕ್ಕೂ ಕಲ್ಪನೆಗೂ ನಡುವಿನ ಗಡಿ ಇಂದು ನಾವು ಎಳೆಯುವಲ್ಲಿ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. 1862ರಲ್ಲಿ ನೆವಾಡಾದ ವರ್ಜೀನಿಯಾ ಸಿಟಿಯ ‘ಟೆರಿಟೋರಿಯಲ್ ಎಂಟರ್‌ಪ್ರೈಸ್’ ಸೇರಿದ ಟ್ವೇನ್, ಕಲ್ಲಾಗಿ ಹೋದ ಪುರಾತನ ಮನುಷ್ಯನೊಬ್ಬ ಗುಡ್ಡದಲ್ಲಿ ಸಿಕ್ಕಿದ್ದಾನೆಂದು ಕಟ್ಟುಸುದ್ದಿ ಬರೆದ. ಆ ಮನುಷ್ಯನ ಕೈಬೆರಳುಗಳ ಭಂಗಿಯ ವರ್ಣನೆಯನ್ನು ಜೋಡಿಸಿ ನೋಡಿದರೆ ಅವನು ಮೂಗಿಗೆ ಹೆಬ್ಬೆರಳಿಟ್ಟು ಜಗತ್ತನ್ನು ಅಣಕಿಸುತ್ತಿರುವುದು ತಿಳಿಯುತ್ತದೆ. ಅಷ್ಟು ಗಮನವಿಟ್ಟು ಓದದ ಬೇರೆ ಪತ್ರಿಕೆಗಳು ಅದನ್ನು ನಿಜವೆಂದು ಮರುಮುದ್ರಿಸಿದವು. ಬಿಯರ್ಸ್‌ನ ಸುಪ್ರಸಿದ್ಧ ಕಥೆ, ಔಲ್ ಕ್ರೀಕ್ ಸೇತುವೆಯ ಮೇಲೆ ಗಲ್ಲಿಗೇರುವವನ ಕಥೆ, 1890ರ ಜುಲೈಯಲ್ಲಿ ಮೊದಲು ಪ್ರಕಟವಾದದ್ದು ‘ಸ್ಯಾನ್ ಫ್ರಾನ್ಸಿಸ್ಕೊ ಎಕ್ಸಾಮಿನರ್’ ಎಂಬ ದಿನಪತ್ರಿಕೆಯಲ್ಲಿ. ಪತ್ರಿಕೆ ಕಥೆಯನ್ನು ಅಚ್ಚು ಮಾಡಲು ಹಿಂಜರಿಯುತ್ತಿರಲಿಲ್ಲ. ವರದಿಯೊಳಗೆ ಸಿಕ್ಕಿಕೊಂಡ ಮನುಷ್ಯನನ್ನು ಮಾತ್ರ ಏನು ಮಾಡಬೇಕೆಂದು ಅದಕ್ಕೆ ತಿಳಿಯುತ್ತಿರಲಿಲ್ಲ.

ಇದು ಕ್ರೇನ್‌ಗೆ ಬಹಳ ಬೇಗ ಗೊತ್ತಾಯಿತು. ಅವನು ಹುಟ್ಟಿದ್ದು 1871ರಲ್ಲಿ, ನ್ಯೂಜೆರ್ಸಿಯ ನೆವಾರ್ಕ್‌ನಲ್ಲಿ. ಮೆಥಡಿಸ್ಟ್ ಪಾದ್ರಿಯೊಬ್ಬರ ಹದಿನಾಲ್ಕನೆಯ ಮಗು. ಅಣ್ಣ ಟೌನ್ಲಿ, ಆಸ್ಬರಿ ಪಾರ್ಕ್ ಎಂಬ ಕಡಲತೀರದ ವಿಹಾರಸ್ಥಳದಿಂದ ‘ನ್ಯೂಯಾರ್ಕ್ ಟ್ರಿಬ್ಯೂನ್’ಗೆ ಸುದ್ದಿ ಕಳುಹಿಸುತ್ತಿದ್ದ, ತಮ್ಮ ಅವನ ಕೈಕೆಳಗೆ ಬರೆಯುತ್ತಿದ್ದ. 1892ರ ಆಗಸ್ಟ್‌ನಲ್ಲಿ ಅಲ್ಲಿ ಕೆಲಸಗಾರರ ಸಂಘವೊಂದರ ಮೆರವಣಿಗೆ ನಡೆಯಿತು. ಯಾರು ಮುಂದಿದ್ದರು, ಎಷ್ಟು ಜನ ಸೇರಿದ್ದರು ಎಂದು ನಾಲ್ಕು ಸಾಲು ಬರೆದು ಕಳುಹಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಕ್ರೇನ್ ಬಿಸಿಲಿಗೆ ಕಂದಿದ, ದುಡಿದು ಹೆಗಲು ಬಾಗಿದ ಆ ಮೆರವಣಿಗೆಯವರನ್ನೂ, ಬೇಸಗೆಯ ತೆಳುವಾದ ಉಡುಪಿನಲ್ಲಿ ನಿಂತು ಅವರನ್ನು ನೋಡುತ್ತಿದ್ದ ವಿಹಾರಿಗಳನ್ನೂ, ಇಬ್ಬರಿಂದಲೂ ಕಾಸು ಮಾಡಿಕೊಳ್ಳುವ ಊರಿನ ವ್ಯಾಪಾರಿಗಳನ್ನೂ ಒಂದೇ ನೋಟದಲ್ಲಿ ಹಿಡಿದ. ಮೂವರನ್ನೂ ಗೇಲಿ ಮಾಡಿದ. ‘ಟ್ರಿಬ್ಯೂನ್’ನ ಒಡೆಯ ವೈಟ್‌ಲಾ ರೀಡ್ ಆ ವರ್ಷ ರಿಪಬ್ಲಿಕನ್ ಪಕ್ಷದಿಂದ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ. ಕೆಲಸಗಾರರ ಮತ ಬೇಕಾಗಿದ್ದ ಹೊತ್ತಿನಲ್ಲಿ ಅವನದೇ ಪತ್ರಿಕೆ ಅವರನ್ನು ಅವಮಾನಿಸಿದೆಯೆಂದು ಗದ್ದಲವೆದ್ದಿತು. ಪತ್ರಿಕೆ ಕ್ಷಮೆ ಕೇಳಿತು, ಕ್ರೇನ್‌ಗೆ ಅಲ್ಲಿ ಬರೆಯುವ ಅವಕಾಶ ತಪ್ಪಿತು. ಮರುವರ್ಷ ಅವನು ನ್ಯೂಯಾರ್ಕಿನ ಬಡಗೇರಿಗಳ ‘ಮ್ಯಾಗಿ’ ಕಾದಂಬರಿಯನ್ನು ಸುಳ್ಳು ಹೆಸರಿನಲ್ಲಿ, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ.

ಆಮೇಲೆ ಬಂದದ್ದು ಅಮೆರಿಕದ ಅಂತರ್ಯುದ್ಧವನ್ನು ಕುರಿತ ‘ದಿ ರೆಡ್ ಬ್ಯಾಡ್ಜ್ ಆಫ್ ಕರೇಜ್’. 1894ರ ಡಿಸೆಂಬರ್‌ನಲ್ಲಿ ಹಲವು ಪತ್ರಿಕೆಗಳಿಗೆ ಬರಹ ಒದಗಿಸುವ ಬ್ಯಾಚೆಲರ್ ಸಿಂಡಿಕೇಟಿನ ಮೂಲಕ ಪತ್ರಿಕೆಗಳಲ್ಲಿ ಸಂಕ್ಷಿಪ್ತವಾಗಿ ಪ್ರಕಟವಾದ ಈ ಕಾದಂಬರಿ ಮುಂದಿನ ವರ್ಷ ಪುಸ್ತಕವಾಗಿ ಅವನನ್ನು ಪ್ರಸಿದ್ಧನನ್ನಾಗಿ ಮಾಡಿತು. ಯುದ್ಧ ಮುಗಿದು ಆರು ವರ್ಷಗಳ ನಂತರ ಹುಟ್ಟಿದವನು, ಒಂದು ಕದನವನ್ನೂ ಕಂಡಿರದವನು ಬರೆದ ಯುದ್ಧದ ಕಾದಂಬರಿ ಇದು. ಅದರ ಯಶಸ್ಸಿನ ಬೆನ್ನಿಗೇ, 1896ರ ಕೊನೆಯಲ್ಲಿ, ಅದೇ ಸಿಂಡಿಕೇಟು ಅವನನ್ನು ಕ್ಯೂಬಾದ ನಿಜವಾದ ಯುದ್ಧವನ್ನು ವರದಿ ಮಾಡಲು ಕಳುಹಿಸಿತು. ಹೀಗೆ ಕಲ್ಪಿಸಿಕೊಂಡ ಯುದ್ಧದ ಬಲದಿಂದ ಕಣ್ಣಾರೆ ಕಾಣುವ ಯುದ್ಧಕ್ಕೆ ಹೊರಟವನು ಆ ಸಲ ಕ್ಯೂಬಾವನ್ನು ಮುಟ್ಟಲೇ ಇಲ್ಲ.

‘ಕಮೊಡೋರ್’ ಡಿಸೆಂಬರ್ 31ರ ರಾತ್ರಿ ಮಂಜಿನಲ್ಲಿ ಸೇಂಟ್ ಜಾನ್ಸ್ ನದಿಯ ಮರಳುದಿಬ್ಬಕ್ಕೆ ತಗುಲಿತು. ಅಲ್ಲಿಂದ ಬಿಡಿಸಿಕೊಂಡು ಕಡಲಿಗೆ ಹೋದ ಮೇಲೆ ಒಳಗೆ ನೀರು ನುಗ್ಗಿತು. ‘ಪ್ರೆಸ್’ನ ವರದಿ ಈ ಭಾಗವನ್ನು ವಿಸ್ತಾರವಾಗಿ ಹೇಳುತ್ತದೆ. ಎಂಜಿನ್ ಕೋಣೆಯ ಸೆಕೆ, ಕೈಯಿಂದ ಕೈಗೆ ಬಕೆಟ್ ಸಾಗಿಸಿ ನೀರು ಹೊರಚೆಲ್ಲಿದ್ದು, ದೋಣಿಗಳನ್ನು ಇಳಿಸಿದ್ದು, ಕೊನೆಗೆ ಹಡಗಿನಲ್ಲೇ ಉಳಿದುಹೋದ ಏಳು ಮಂದಿ. ಅವರಲ್ಲಿ ಕೆಲವರು ತೆಪ್ಪಗಳಿಗೆ ಇಳಿದರು. ಹಡಗಿನ ಮೇಟ್, ಅಂದರೆ ಕಪ್ತಾನನ ಕೆಳಗಿನ ಅಧಿಕಾರಿ, ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಕಡಲಿಗೆ ಹಾರಿದ. ಆ ಕೈಗಳಲ್ಲೂ ತಲೆಯ ಕೊಡವಿನಲ್ಲೂ ತನಗೆ ಕಂಡದ್ದು ಹೇಳಲಾಗದ ರೋಷ ಎಂದು ಕ್ರೇನ್ ಬರೆಯುತ್ತಾನೆ. ತೆಪ್ಪದಿಂದ ಒಬ್ಬ ಎಸೆದ ಹಗ್ಗವನ್ನು ಹಿಡಿದು ಎಳೆದೊಯ್ಯಲು ಸಣ್ಣ ದೋಣಿಯವರು ಯತ್ನಿಸಿದರು. ಅವನು ಹಗ್ಗವನ್ನು ಜಗ್ಗುತ್ತ ದೋಣಿಯನ್ನೇ ತನ್ನತ್ತ ಎಳೆದುಕೊಳ್ಳತೊಡಗಿದಾಗ, ಮಗುಚಿಬೀಳುವ ಭಯದಿಂದ ಅಡುಗೆಯವನು ಹಗ್ಗವನ್ನು ಬಿಟ್ಟುಬಿಟ್ಟ. ಹಡಗು ಮುಳುಗಿತು.

ಇದಾದ ಮೇಲೆ ಹತ್ತು ಅಡಿಯ ಆ ದೋಣಿಯಲ್ಲಿ ನಾಲ್ವರು ಸುಮಾರು ಮೂವತ್ತು ಗಂಟೆ ಕಡಲಿನ ಮೇಲಿದ್ದರು: ಗಾಯಗೊಂಡ ಕಪ್ತಾನ ಎಡ್ವರ್ಡ್ ಮರ್ಫಿ, ಅಡುಗೆಯ ಮಾಂಟ್‌ಗೊಮೆರಿ, ಎಂಜಿನ್ನಿಗೆ ಎಣ್ಣೆ ಹಾಕುವ ಕೆಲಸದ ಬಿಲ್ಲಿ ಹಿಗ್ಗಿನ್ಸ್, ಮತ್ತು ಕ್ರೇನ್. ಈ ಮೂವತ್ತು ಗಂಟೆಗಳ ಚರಿತ್ರೆ ಎಳೆಯರಿಗೆ ಬೋಧಪ್ರದವಾದೀತು, ಆದರೆ ಅದನ್ನು ಇಲ್ಲಿ ಹೇಳುವುದಿಲ್ಲ ಎಂಬ ಅರ್ಥದ ಒಂದು ವ್ಯಂಗ್ಯದ ವಾಕ್ಯ ಬರೆದು ವರದಿ ನೇರವಾಗಿ ದಡಕ್ಕೆ ಬಂದುಬಿಡುತ್ತದೆ. ಸುದ್ದಿಯ ದೃಷ್ಟಿಯಿಂದ ಇದು ಸರಿಯಾದ ನಿರ್ಧಾರವೇ. ಹಡಗು ಸುದ್ದಿ, ಆಯುಧ ಸುದ್ದಿ, ಸತ್ತವರು ಸುದ್ದಿ. ನಾಲ್ಕು ಜನ ಹುಟ್ಟುಹಾಕುತ್ತ ಕುಳಿತದ್ದು ಸುದ್ದಿಯಲ್ಲ.

ಕಥೆ ಶುರುವಾಗುವುದು ಆ ವಾಕ್ಯ ಬಾಗಿಲು ಮುಚ್ಚಿದ ಜಾಗದಲ್ಲೇ. ಆಕಾಶದ ಬಣ್ಣ ಯಾವುದೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂಬುದು ಮೊದಲ ವಾಕ್ಯ. ಎಲ್ಲರ ಕಣ್ಣೂ ಎದುರಿಗೆ ಬರುವ ಅಲೆಯ ಮೇಲೆ ನೆಟ್ಟಿತ್ತು. ಹಡಗು ಮುಳುಗಿದ್ದು ಇಲ್ಲಿ ಕಪ್ತಾನನ ಮನಸ್ಸಿನಲ್ಲಿ ಹಾದುಹೋಗುವ ನೆನಪು ಮಾತ್ರ. ವರದಿಯಲ್ಲಿ ಕಾಲಮ್ಮುಗಟ್ಟಲೆ ಬಂದ ಏಳು ಮಂದಿ ಕಥೆಯಲ್ಲಿ ಬೆಳಗಿನ ಮಸುಕಿನಲ್ಲಿ ಇತ್ತ ತಿರುಗಿದ ಏಳು ಮುಖಗಳಾಗಿ ಒಂದೇ ನುಡಿಗಟ್ಟಿನಲ್ಲಿ ಮುಗಿಯುತ್ತಾರೆ. ಕೈಬಿಟ್ಟ ಹಗ್ಗದ ಪ್ರಸ್ತಾಪವೇ ಇಲ್ಲ. ಇದನ್ನು ಕ್ರೇನ್‌ನ ಜಾಣತನ ಎನ್ನುವವರಿದ್ದಾರೆ, ತಪ್ಪಿತಸ್ಥ ಭಾವದಿಂದ ನುಣುಚಿಕೊಂಡ ಎನ್ನಲೂಬಹುದು. ನನಗೆ ಎರಡನೆಯದು ಒಪ್ಪಿಗೆಯಲ್ಲ. ಇತರರನ್ನು ನೀರಿನಲ್ಲಿ ಬಿಟ್ಟು ಬಂದವರನ್ನು ಅವನು ಕಥೆಯಲ್ಲಿ ಅದೇ ಸ್ಥಿತಿಗೆ ತಂದಿಟ್ಟಿದ್ದಾನೆ: ದಡ ಕಾಣಿಸುತ್ತಿದೆ, ದಡದವರು ಇವರನ್ನು ನೋಡುತ್ತಿದ್ದಾರೆ, ಯಾರೂ ಬರುವುದಿಲ್ಲ.

ಆ ಭಾಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ದಡದಲ್ಲಿ ಒಬ್ಬ ಮನುಷ್ಯ ಕಾಣಿಸುತ್ತಾನೆ. ಅವನು ಕೋಟನ್ನು ಬಿಚ್ಚಿ ತಲೆಯ ಸುತ್ತ ಬೀಸುತ್ತಾನೆ. ದೋಣಿ ಬರುತ್ತಿದೆಯೆಂದು ಒಬ್ಬ, ಅಲ್ಲ, ಅದು ಹೋಟೆಲಿನ ಪ್ರವಾಸಿಗರ ಬಂಡಿ ಎಂದು ಇನ್ನೊಬ್ಬ. ಉತ್ತರಕ್ಕೆ ಹೋಗಿರೆನ್ನುತ್ತಿದ್ದಾನೋ, ಕಾಯಿರಿ ಎನ್ನುತ್ತಿದ್ದಾನೋ ಎಂದು ನಾಲ್ವರೂ ವಾದಿಸುತ್ತಾರೆ. ಅವನು ಬೀಸುತ್ತಲೇ ಇದ್ದಾನೆ. ಇವರು ಮೋಜಿಗೆ ಮೀನು ಹಿಡಿಯುತ್ತಿದ್ದಾರೆಂದು ತಿಳಿದು ಸುಮ್ಮನೆ ಕೈಬೀಸುತ್ತಿರಬಹುದೆಂಬ ಅನುಮಾನ ನಿಧಾನವಾಗಿ ಬಲಿಯುತ್ತದೆ, ಕತ್ತಲಾಗುತ್ತದೆ. ಈ ಪ್ರಸಂಗದಲ್ಲಿ ಸುದ್ದಿಯಾಗುವಂಥದ್ದು ಏನೂ ಇಲ್ಲ. ಹಾಗೆಯೇ ಕೋಟಿನ ಜೇಬಿನಲ್ಲಿ ಒದ್ದೆಯಾಗದೆ ಉಳಿದ ನಾಲ್ಕು ಚುಟ್ಟಾಗಳು, ಯಾರದೋ ಬಳಿ ಸಿಕ್ಕ ಮೂರು ಒಣ ಬೆಂಕಿಕಡ್ಡಿಗಳು, ಕಪ್ತಾನನ ತಲೆಯ ಮೇಲೆ ಕೂರಲು ಬಂದ ಕಡಲಹಕ್ಕಿ. ಹೊಡೆದೋಡಿಸಲು ಕೈ ಬೀಸಿದರೆ ದೋಣಿ ಮಗುಚುತ್ತದೆ, ಆದ್ದರಿಂದ ಅವನು ಮೆಲ್ಲನೆ, ಬಹಳ ಜೋಪಾನವಾಗಿ, ಅದನ್ನು ಆಚೆ ಹೋಗೆಂದು ಸನ್ನೆ ಮಾಡುತ್ತಾನೆ. ಅಪಾಯ ಎಷ್ಟಿತ್ತೆಂದು ಬೇರೆ ವಿವರಣೆ ಬೇಕಾಗುವುದಿಲ್ಲ.

ಕ್ರೇನ್‌ಗಿಂತ ಮೂವತ್ತು ವರ್ಷ ಮೊದಲು ಟ್ವೇನ್‌ಗೂ ಇಂಥದೇ ಒಂದು ದೋಣಿ ಸಿಕ್ಕಿತ್ತು. 1866ರಲ್ಲಿ ‘ಹಾರ್ನೆಟ್’ ಎಂಬ ಹಡಗು ಪೆಸಿಫಿಕ್ ಸಾಗರದಲ್ಲಿ ಸುಟ್ಟುಹೋಗಿ, ಅದರ ಹದಿನೈದು ಮಂದಿ ಹತ್ತು ದಿನದ ಆಹಾರದಲ್ಲಿ 43 ದಿನ ತೆರೆದ ದೋಣಿಯಲ್ಲಿ ಸಾಗಿ ಹವಾಯಿ ತಲುಪಿದರು. ಆಗ ಹೊನೊಲುಲುವಿನಲ್ಲಿದ್ದ ಟ್ವೇನ್ ಕಾಯಿಲೆಯಿಂದ ನಡೆಯಲಾರದೆ ಹೊತ್ತುಕೊಂಡು ಹೋಗಿಸಿಕೊಂಡು ಆಸ್ಪತ್ರೆಯಲ್ಲಿ ಅವರನ್ನು ಕಂಡ, ರಾತ್ರಿಯಿಡೀ ಬರೆದು ‘ಸ್ಯಾಕ್ರಮೆಂಟೊ ಯೂನಿಯನ್’ಗೆ ವರದಿ ಕಳುಹಿಸಿದ. ಆಮೇಲೆ ಕಪ್ತಾನನ ಮತ್ತು ಇಬ್ಬರು ಪ್ರಯಾಣಿಕರ ದಿನಚರಿಗಳನ್ನು ನಕಲು ಮಾಡಿಕೊಂಡು ಡಿಸೆಂಬರ್‌ನಲ್ಲಿ ‘ಹಾರ್ಪರ್ಸ್’ಗೆ ವಿಸ್ತಾರವಾದ ಲೇಖನ ಬರೆದ. ಅಲ್ಲಿ ಅವನ ಹೆಸರು ‘ಮಾರ್ಕ್ ಸ್ವೇನ್’ ಎಂದು ತಪ್ಪಾಗಿ ಅಚ್ಚಾಯಿತು, ಅದು ಬೇರೆ ಮಾತು. ಎರಡನೆಯ ಬರಹ ಮೊದಲನೆಯದಕ್ಕಿಂತ ತುಂಬಿಕೊಂಡಿದೆ, ಆದರೂ ಅದು ವರದಿಯೇ. ಬೇರೆಯವರ ದಿನಚರಿಯನ್ನು ದಾಟಿ ಕಲ್ಪಿಸುವ ಧೈರ್ಯವನ್ನು ಅವನು ಅಲ್ಲಿ ಮಾಡಲಿಲ್ಲ. ಬಹುಶಃ ಮಾಡದಿದ್ದುದೇ ಒಳ್ಳೆಯದಾಯಿತು.

ಹೆಮಿಂಗ್ವೆಯ ವಿಷಯ ಬೇರೆ. ‘ಕಾನ್ಸಾಸ್ ಸಿಟಿ ಸ್ಟಾರ್’ನಲ್ಲಿ 1917-18ರ ಸುಮಾರು ಆರು ತಿಂಗಳು ಕೆಲಸ ಮಾಡಿ, ಚಿಕ್ಕ ವಾಕ್ಯ ಬರೆಯಿರೆಂಬ ಅದರ ನಿಯಮಾವಳಿಯಲ್ಲಿ ಪಳಗಿದವನು ಅವನು. 1922ರ ಅಕ್ಟೋಬರ್‌ನಲ್ಲಿ ಇಂದಿನ ಟರ್ಕಿಯ ಯುರೋಪಿನ ಭಾಗವಾದ ಪೂರ್ವ ಥ್ರೇಸ್‌ನಿಂದ ಗ್ರೀಕ್ ನಿರಾಶ್ರಿತರು ಹೊರಟದ್ದನ್ನು ‘ಟೊರಾಂಟೊ ಸ್ಟಾರ್’ಗೆ ವರದಿ ಮಾಡಿದ. ಅದರಲ್ಲಿ ಹೆರಿಗೆನೋವು ತಿನ್ನುತ್ತಿರುವ ಹೆಂಗಸಿಗೆ ಮಳೆ ತಾಗದಂತೆ ಗಂಡ ಕಂಬಳಿ ಹೊದಿಸುತ್ತಾನೆ, ಪುಟ್ಟ ಮಗಳು ಬೆದರಿ ಅಳುತ್ತಾಳೆ. ಮುಂದೆ ಇದನ್ನು ಒಂದು ಪುಟದ ತುಣುಕಾಗಿ ಮತ್ತೆ ಬರೆದಾಗ ಗಂಡನನ್ನು ತೆಗೆದುಹಾಕಿದ. ಕಂಬಳಿ ಹುಡುಗಿಯ ಕೈಗೆ ಬಂತು. ಕಥೆಗಾರನ ಕತ್ತರಿ ಪತ್ರಿಕೆಯ ಕತ್ತರಿಗಿಂತ ನಿರ್ದಯವಾಗಿರಬಲ್ಲದು ಎಂಬುದಕ್ಕೆ ನಾನು ಇದನ್ನೇ ಉದಾಹರಿಸುತ್ತೇನೆ.

ಮತ್ತೆ ಕ್ರೇನ್‌ಗೆ ಬರುತ್ತೇನೆ, ಏಕೆಂದರೆ ಹೆಸರುಗಳ ವಿಷಯ ಉಳಿದಿದೆ. ‘ದಿ ಓಪನ್ ಬೋಟ್’ನಲ್ಲಿ ಕಪ್ತಾನ ಕಪ್ತಾನನೇ, ಅಡುಗೆಯವನು ಅಡುಗೆಯವನೇ, ಲೇಖಕ ತನ್ನನ್ನು ವರದಿಗಾರ ಎಂದಷ್ಟೇ ಕರೆದುಕೊಳ್ಳುತ್ತಾನೆ. ಹೆಸರಿರುವುದು ಒಬ್ಬನಿಗೆ, ಬಿಲ್ಲಿಗೆ. ನಾಲ್ವರಲ್ಲಿ ಗಟ್ಟಿಮುಟ್ಟಾದವನು, ಹುಟ್ಟುಹಾಕುವುದರಲ್ಲಿ ನುರಿತವನು ಅವನೇ. ಡೇಟೋನಾ ಬಳಿಯ ಅಲೆಗಳಲ್ಲಿ ಸತ್ತವನೂ ಅವನೊಬ್ಬನೇ. ಮರುವರ್ಷ, 1898ರಲ್ಲಿ, ಸ್ಪೇನಿನೊಡನೆ ನಡೆದ ಯುದ್ಧಕ್ಕೆ ಪುಲಿಟ್ಜರ್‌ನ ‘ವರ್ಲ್ಡ್’ ಪತ್ರಿಕೆಯ ಪರವಾಗಿ ಹೋದ ಕ್ರೇನ್ ಕ್ಯೂಬಾದಲ್ಲಿ ನಿಂತು ಒಂದು ಕಟುವಾದ ಲೇಖನ ಬರೆದ. ಸ್ವಯಂಸೇವಕರಾಗಿ ಬಂದ ಶ್ರೀಮಂತರ ಮಕ್ಕಳ ಹೆಸರು, ಭಾವಚಿತ್ರ, ಅವರಿಗೆ ಬಿಸ್ಕತ್ತು ಹಿಡಿಸಿತೋ ಇಲ್ಲವೋ ಎಂಬುದೆಲ್ಲ ಜನರಿಗೆ ಬೇಕು. ಸಂಬಳದ ಸಾಮಾನ್ಯ ಸಿಪಾಯಿಯ ಹೆಸರು ಪತ್ರಿಕೆಯಲ್ಲಿ ಬರುವುದು ಅವನು ಸತ್ತಾಗ, ಗಾಯಗೊಂಡಾಗ, ಕಾಣೆಯಾದಾಗ, ಅದೂ ಒಂದು ಪಟ್ಟಿಯ ಮೊತ್ತದ ಭಾಗವಾಗಿ ಎಂಬುದು ಅದರ ಸಾರಾಂಶ. ಆ ಸಿಪಾಯಿಗೆ ಅವನು ತಾನೇ ಒಂದು ಹೆಸರು ಕೊಟ್ಟ: ಮೈಕೇಲ್ ನೋಲನ್. ಅಂಥ ನಿರ್ದಿಷ್ಟ ಸಿಪಾಯಿ ಯಾರೂ ಇರಲಿಲ್ಲ. ಕಥೆಯಲ್ಲಿ ಅವನು ಉಳಿಸಿಕೊಂಡ ಏಕೈಕ ಹೆಸರು ನಿಜವಾದದ್ದು. ಪತ್ರಿಕೆಗೆ ಬರೆಯುವಾಗ ಅವನು ಕಟ್ಟಿದ ಹೆಸರನ್ನು ಬಳಸಬೇಕಾಯಿತು. ಎರಡು ವರ್ಷಗಳ ನಂತರ, 1900ರ ಜೂನ್ 5ರಂದು, ಜರ್ಮನಿಯ ಬಾಡೆನ್‌ವೈಲರ್‌ನಲ್ಲಿ ಕ್ಷಯರೋಗದಿಂದ ಅವನು ತೀರಿಕೊಂಡಾಗ ಅವನಿಗೆ ಇಪ್ಪತ್ತೆಂಟು ವರ್ಷ.

ನಮಸ್ಕಾರ.