ನಮ್ಮ ಹಿನ್ನೀರಿಗೆ ಯಾವ ದೋಣಿ, ಯಾವ ಮೋಟರ್?

ನಮಸ್ಕಾರ. ಈ ವಿಡಿಯೋದಲ್ಲಿ ಮೂರು ದೋಣಿ, ಮೂರು ಮೋಟರ್ ಹೋಲಿಸಿ ನೋಡೋಣ. ಬೆಳಿಗ್ಗೆ ಆರೂವರೆ ಆಗಿದೆ. ಸಂಕ್ರಾಂತಿ ಮುಗಿದು ಒಂದು ವಾರ. ನಾವು ಬಾಗಲಕೋಟೆಯಲ್ಲಿದ್ದೇವೆ, ಎದುರಿಗೆ ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು. ಇದು ಘಟಪ್ರಭಾ ನದಿ ಅಂದರೆ ಹೊರಗಿನವರು ನಂಬುವುದಿಲ್ಲ, ಅಷ್ಟು ಅಗಲ ಹರಡಿಕೊಂಡಿದೆ. ಆಲಮಟ್ಟಿಯಲ್ಲಿ ನೀರು 519.60 ಮೀಟರ್‌ಗೆ ಬಂದಾಗ ಜಲಾಶಯ ಭರ್ತಿ, ಸುಮಾರು 123 ಟಿಎಂಸಿ. ಆಗ ಹಿನ್ನೀರು ಇಲ್ಲಿಯವರೆಗೂ ಬಂದು ನಿಲ್ಲುತ್ತದೆ. ಹಳೇ ಬಾಗಲಕೋಟೆಯ ಒಂದು ಭಾಗ ಈ ನೀರಿನಲ್ಲೇ ಇದೆ. ಅಲ್ಲಿದ್ದ ಜನ ಈಗ ನವನಗರದಲ್ಲಿದ್ದಾರೆ. ನಮ್ಮ ಮನೆಯವರೂ ಹಾಗೆ ಬಂದವರೇ.

ಇವತ್ತು ದಂಡೆಯಲ್ಲಿ ಮೂರು ದೋಣಿ ನಿಲ್ಲಿಸಿದ್ದೇವೆ. ಎಡಗಡೆ ಇರುವುದು ನನ್ನದು, ಗಾಳಿ ತುಂಬುವ ರಬ್ಬರ್ ದೋಣಿ, 3.3 ಮೀಟರ್ ಉದ್ದ, ಹಿಂದೆ 4 ಎಚ್‌ಪಿ ಫೋರ್ ಸ್ಟ್ರೋಕ್ ಮೋಟರ್. ನಡುವಿನದು ವಿಜಯಪುರದಿಂದ ಗೆಳೆಯ ತಂದಿರುವ 12 ಅಡಿಯ ಅಲ್ಯೂಮಿನಿಯಂ ದೋಣಿ. ಅದರ ತಳ ಚಪ್ಪಟೆ, ಮೋಟರ್ 9.9 ಎಚ್‌ಪಿ ಫೋರ್ ಸ್ಟ್ರೋಕ್. ಬಲಗಡೆಯದು ಕಾಕಾ ಅವರ 14 ಅಡಿಯ ಫೈಬರ್ ದೋಣಿ, 15 ಎಚ್‌ಪಿ ಟೂ ಸ್ಟ್ರೋಕ್. ಕಾಕಾ ಮೀನು ಹಿಡಿಯುವವರು. ಸ್ವಂತ ಕಾಕಾ ಅಲ್ಲ, ಆದರೆ ನಾನು ಹುಡುಗನಾಗಿದ್ದಾಗ ಹರಗೋಲಿನಲ್ಲಿ ಹುಟ್ಟು ಹಾಕುವುದನ್ನು ಕಲಿಸಿದವರು ಇವರೇ.

ಮೊದಲು ತೂಕ. ಎಚ್‌ಪಿ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ, ತೂಕ ಎಷ್ಟು ಅಂತ ಯಾರೂ ಕೇಳುವುದಿಲ್ಲ. ನಿನ್ನೆ ಸಂಜೆ ಒಂದು ಅಂಗಡಿಯ ಕಾಟಾದ ಮೇಲೆ ಮೂರೂ ಮೋಟರ್ ಇಟ್ಟು ತೂಗಿದೆವು. ನನ್ನ 4 ಎಚ್‌ಪಿ 27 ಕೆಜಿ ಬಂತು. ಗೆಳೆಯನ 9.9 ಎಚ್‌ಪಿ 40 ಕೆಜಿ. ಕಾಕಾ ಅವರ 15 ಎಚ್‌ಪಿ ಎಷ್ಟಿರಬಹುದು ಹೇಳಿ? ಬರೀ 36 ಕೆಜಿ! ಶಕ್ತಿ ಒಂದೂವರೆ ಪಟ್ಟು, ತೂಕ ನಾಲ್ಕು ಕೆಜಿ ಕಡಿಮೆ. ಟೂ ಸ್ಟ್ರೋಕ್‌ನಲ್ಲಿ ಫೋರ್ ಸ್ಟ್ರೋಕಿನಂಥ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ತಳದಲ್ಲಿ ಆಯಿಲ್ ತುಂಬಿಡುವ ಡಬ್ಬಿಯೂ ಇಲ್ಲ. ಕ್ರ್ಯಾಂಕ್ ಸುತ್ತಿದ ಪ್ರತಿ ಸುತ್ತಿಗೂ ಒಂದು ಸಲ ಪೆಟ್ರೋಲ್ ಉರಿಯುತ್ತದೆ, ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಂದು ಸಲ. ಅದಕ್ಕೇ ಅಷ್ಟು ಹಗುರ, ಅಷ್ಟು ಜೋರು.

ತೂಕದ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣ ಈ ದಂಡೆ. ಸ್ವಲ್ಪ ಆ ಕಡೆ ನೋಡಿ. ಈಗ ದಂಡೆ ಇಲ್ಲೇ, ನಮ್ಮ ಕಾಲ ಹತ್ತಿರ ಇದೆ. ಮುಂಗಾರಿನಲ್ಲಿ ಮಹಾಬಳೇಶ್ವರದ ಕಡೆ ಮಳೆ ಹಿಡಿದರೆ ನೀರು ಏರುತ್ತದೆ. ಬೇಸಿಗೆ ಬಂತೆಂದರೆ ದಿನಾ ಸ್ವಲ್ಪ ಸ್ವಲ್ಪ ಹಿಂದೆ ಸರಿಯುತ್ತದೆ. ಏಪ್ರಿಲ್ ಹೊತ್ತಿಗೆ ಜೀಪು ನಿಲ್ಲಿಸಿದ ಜಾಗಕ್ಕೂ ನೀರಿಗೂ ನಡುವೆ ಎರೆಮಣ್ಣಿನ ಕೆಸರು. ಚಪ್ಪಲಿ ಹಾಕಿಕೊಂಡು ಇಳಿದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಆ ಕೆಸರಿನಲ್ಲಿ ಫೈಬರ್ ದೋಣಿಯನ್ನು ಎಳೆಯಲು ಆರು ಜನ ಬೇಕು. ಅಲ್ಯೂಮಿನಿಯಂ ದೋಣಿಯ ಮೋಟರ್ ಬಿಚ್ಚಿದರೆ ಉಳಿಯುವುದು 60 ಕೆಜಿ ಚಿಲ್ಲರೆ. ಇಬ್ಬರು ಎತ್ತಿಕೊಂಡು ನಡೆಯಬಹುದು. ನನ್ನ ರಬ್ಬರ್ ದೋಣಿ ಗಾಳಿ ತೆಗೆದರೆ ಒಂದು ಚೀಲ, ಕಾರಿನ ಡಿಕ್ಕಿಯಲ್ಲಿ ಹಿಡಿಸುತ್ತದೆ.

ಈಗ ನೀರಿಗೆ ಇಳಿಯೋಣ. ಫೋನಿನ ಜಿಪಿಎಸ್ ಹಾಕಿಕೊಂಡು ಒಂದೊಂದರಲ್ಲೂ ಇಬ್ಬರು ಕೂತೆವು. ರಬ್ಬರ್ ದೋಣಿ ಗಂಟೆಗೆ 9 ಕಿಲೋಮೀಟರ್. ಅದಕ್ಕಿಂತ ಜಾಸ್ತಿ ಓಡಲೇ ಇಲ್ಲ, ನಾನು ಎಷ್ಟೇ ತಿರುವಿದರೂ ಹಿಂಭಾಗ ಕುಸಿಯುತ್ತದೆ, ಮೂತಿ ಮೇಲೇಳುತ್ತದೆ, ಅಷ್ಟೇ. ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ಅದರ ಉದ್ದಕ್ಕೆ ತಕ್ಕ ಒಂದು ಮಿತಿ ಇರುತ್ತದೆ. ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕಲ್ಲ, ಅದು ಆಗುವುದಿಲ್ಲ. ಅಲೆಯನ್ನು ದಾಟಿ ನೀರಿನ ಮೇಲೆ ಜಾರಬೇಕಾದರೆ ಇನ್ನಷ್ಟು ಶಕ್ತಿ ಬೇಕು. ಅಲ್ಯೂಮಿನಿಯಂ ದೋಣಿಯಲ್ಲಿ ಆ ಗಳಿಗೆ ಚೆನ್ನಾಗಿ ಗೊತ್ತಾಯಿತು. 15 ಕಿಲೋಮೀಟರ್ ಹತ್ತಿರ ದೋಣಿ ಒಂದು ಸಲ ತಿಣುಕಿತು, ಮೂತಿ ಕೆಳಗೆ ಬಂತು, ಸದ್ದು ಹಗುರವಾಯಿತು, ನೋಡುತ್ತಿದ್ದಂತೆ 25! ಮೂರನೆಯವನು ಹತ್ತಿದ ಮೇಲೆ ಅದೇ ದೋಣಿ 17ಕ್ಕೆ ನಿಂತುಬಿಟ್ಟಿತು. ಸಣ್ಣ ದೋಣಿಯಲ್ಲಿ ಒಬ್ಬ ಮನುಷ್ಯ ಅಂದರೆ ಅಷ್ಟು ವ್ಯತ್ಯಾಸ. ಫೈಬರ್ 27 ಓಡಿತು. ಅಲೆಯಲ್ಲಿ ಅದೇ ಎಲ್ಲಕ್ಕಿಂತ ಗಟ್ಟಿ, ಅದರಲ್ಲಿ ಮಾತೇ ಇಲ್ಲ. ಆಷಾಢದ ಗಾಳಿಯಲ್ಲಿ ಯಾರಾದರೂ ನೀರಿಗೆ ಇಳಿಯಲೇಬೇಕು ಅಂದರೆ ನನ್ನ ರಬ್ಬರ್ ದೋಣಿಯಂತೂ ಬೇಡ. ಖಾಲಿ ಚೀಲದ ಹಾಗೆ ಹಾರಿಸಿಕೊಂಡು ಹೋಗುತ್ತದೆ.

ಇನ್ನು ಶಾಫ್ಟ್ ಉದ್ದ, ಅಂದರೆ ಮೋಟರಿನಿಂದ ಪ್ರೊಪೆಲ್ಲರ್‌ವರೆಗೆ ನೀರಿಗೆ ಇಳಿಯುವ ಕಾಲಿನ ಉದ್ದ. ಇದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ, ಏಕೆಂದರೆ ನಾನು ಇದರಲ್ಲಿ ದುಡ್ಡು ಕಳೆದುಕೊಂಡಿದ್ದೇನೆ. ಮೋಟರ್ ಸಿಗಿಸುವ ಹಿಂದಿನ ಹಲಗೆ ಇದೆಯಲ್ಲ, ಅದರ ಮೇಲಂಚಿನಿಂದ ತಳದವರೆಗೆ ಟೇಪು ಹಿಡಿಯಿರಿ. 15 ಇಂಚು ಬಂದರೆ ಶಾರ್ಟ್ ಶಾಫ್ಟ್, 20 ಇಂಚು ಬಂದರೆ ಲಾಂಗ್ ಶಾಫ್ಟ್. ಪ್ರೊಪೆಲ್ಲರ್ ಮೇಲೆ ಈ ಚಪ್ಪಟೆ ತಗಡು ಕಾಣುತ್ತಿದೆಯಾ? ಅದು ದೋಣಿಯ ತಳದ ಮಟ್ಟಕ್ಕೆ ಇರಬೇಕು, ಇಲ್ಲವೇ ಒಂದಿಂಚು ಕೆಳಗೆ. ಮೇಲಾದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಸುಮ್ನೆ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ತುಂಬಾ ಕೆಳಗಾದರೆ ನೀರು ಹಿಂದಕ್ಕೆ ಎಳೆಯುತ್ತದೆ. ನಾನು ಮೊದಲು ತಂದದ್ದು ಸೆಕೆಂಡ್ ಹ್ಯಾಂಡ್ ಲಾಂಗ್ ಶಾಫ್ಟ್. ಮಾರಿದವರು ಎಲ್ಲಾ ದೋಣಿಗೂ ಆಗುತ್ತದೆ ಅಂದರು, ನಾನು ಅಳತೆ ಮಾಡದೆ ನಂಬಿದೆ. ಐದು ಇಂಚು ಹೆಚ್ಚು ಕೆಳಗಿತ್ತು. ನಮ್ಮ ನೀರಿನಲ್ಲಿ ಐದು ಇಂಚು ಅಂದರೆ ಸಣ್ಣ ಮಾತಲ್ಲ.

ಯಾಕೆ ಅಂತ ಈಗ ಕೇಳಿ. ಇದು ಕಾಕಾ ಅವರ ದನಿ.

"ತಮ್ಮಾ, ಮೋಟರ್ ಎತ್ತು. ಕೆಳಗ ಗ್ವಾಡಿ ಐತಿ."

"ನೀರು ಇಷ್ಟು ಐತಲ್ಲ ಕಾಕಾ?"

"ನಿನಗ ಕಾಣೂದಿಲ್ಲ, ಆದ್ರ ಐತಿ. ಎತ್ತು, ಹುಟ್ಟು ಹಾಕು."

ಹುಟ್ಟು ಕೆಳಗಿಟ್ಟು ನೋಡಿದೆ. ಮೊಣಕಾಲು ಮಟ್ಟದ ನೀರಿನ ಕೆಳಗೆ ಟಕ್ ಅಂತ ಕಲ್ಲಿಗೆ ತಾಗಿತು. ಗೋಡೆ! ಯಾರದೋ ಮನೆಯ ಗೋಡೆ. ನಾನು ಸ್ವಲ್ಪ ಹೊತ್ತು ಕ್ಯಾಮೆರಾ ಕೆಳಗಿಟ್ಟೆ, ಅದಕ್ಕೇ ಇಲ್ಲಿ ವಿಡಿಯೋ ಬರೀ ಆಕಾಶ ತೋರಿಸುತ್ತದೆ.

ಇನ್ನೊಂದು ವಿಷಯ, ಮೋಟರನ್ನು ತಂಪು ಮಾಡುವ ನೀರಿನ ಪಂಪು. ಔಟ್‌ಬೋರ್ಡ್ ಮೋಟರ್, ಅಂದರೆ ಹೀಗೆ ದೋಣಿಯ ಹಿಂದೆ ಹೊರಗೆ ಸಿಗಿಸುವ ಮೋಟರ್, ತನ್ನ ಸುತ್ತಲಿನ ನೀರನ್ನೇ ಎಳೆದುಕೊಂಡು ತಂಪಾಗುತ್ತದೆ. ಹಿಂಭಾಗದಿಂದ ಸಣ್ಣ ಧಾರೆಯೊಂದು ಚಿಮ್ಮುತ್ತಿರಬೇಕು. ಸ್ಟಾರ್ಟ್ ಮಾಡಿದ ತಕ್ಷಣ ನಾನು ಮೊದಲು ನೋಡುವುದು ಅದನ್ನೇ. ಹೋದ ವರ್ಷ ಮಳೆಗಾಲ ಮುಗಿದ ಮೇಲೆ, ನೀರು ಇನ್ನೂ ಕೆಂಪಗಿತ್ತು. ದಂಡೆಯಿಂದ ದೂರ ಹೋಗಿದ್ದೆ. ಧಾರೆ ತೆಳ್ಳಗಾಯಿತು, ಆಮೇಲೆ ತೊಟ್ಟಿಕ್ಕಿತು, ಆಮೇಲೆ ಬರೀ ಹಬೆ. ಕೂಡಲೇ ಆಫ್ ಮಾಡಿ ಒಂದೂವರೆ ಗಂಟೆ ಹುಟ್ಟು ಹಾಕಿದೆ. ಮನೆಗೆ ಬಂದು ಬಿಚ್ಚಿದರೆ, ಈ ಇಂಪೆಲ್ಲರ್ ನೋಡಿ, ಪಂಪಿನೊಳಗೆ ನೀರು ತಳ್ಳುವ, ಸಣ್ಣ ನಿಪ್ಪಟ್ಟಿನಷ್ಟು ಅಗಲದ ರಬ್ಬರ್ ಚಕ್ರ. ಆರು ರೆಕ್ಕೆಯಲ್ಲಿ ಮೂರು ಮುರಿದಿದ್ದವು. ಉಳಿದ ಮೂರರ ಅಂಚು ಅರ ಹಾಕಿ ತಿಕ್ಕಿದ ಹಾಗೆ ಸವೆದಿತ್ತು. ಹೂಳು ತಿಂದದ್ದು ಅದು. ನಮ್ಮ ನೀರಿನಲ್ಲಿ ಓಡಿಸುವವರು ವರ್ಷಕ್ಕೊಂದು ಇಂಪೆಲ್ಲರ್ ಬದಲಿಸಿ ಅನ್ನುತ್ತೇನೆ. ಒಂದನ್ನು ಯಾವಾಗಲೂ ಜೊತೆಗೆ ಇಟ್ಟುಕೊಳ್ಳಿ. ಮೋಟರನ್ನು ನೀರಿಲ್ಲದೆ ದಂಡೆಯ ಮೇಲೆ ಸುಮ್ನೆ ಸ್ಟಾರ್ಟ್ ಮಾಡಿ ನೋಡುವುದಂತೂ ಬೇಡವೇ ಬೇಡ. ಒಣ ರಬ್ಬರ್ ನೋಡುನೋಡುತ್ತಲೇ ಸುಟ್ಟುಹೋಗುತ್ತದೆ.

ಬಲೆಯ ದಾರವೂ ಹಾಗೇ. ಪ್ರೊಪೆಲ್ಲರ್‌ಗೆ ಸುತ್ತಿದ ದಾರ ಹಿಂದಿನ ಸೀಲ್ ಕತ್ತರಿಸುತ್ತದೆ, ಗೇರ್ ಆಯಿಲ್ ಒಳಗೆ ನೀರು ಸೇರುತ್ತದೆ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದರೆ ನೀರು ಹೋಗಿದೆ ಎಂದೇ ಅರ್ಥ.

ಈಗ ನನ್ನ ಮತ್ತು ಕಾಕಾ ಅವರ ಜಗಳಕ್ಕೆ ಬರೋಣ. ಟೂ ಸ್ಟ್ರೋಕಾ, ಫೋರ್ ಸ್ಟ್ರೋಕಾ? ಕಾಕಾ ಹೇಳಿದ್ದು ಇದು: "ಇದು ಕೆಟ್ರ ಆರ್‌ಎಕ್ಸ್ ಗಾಡಿ ಬಿಚ್ಚೂ ಹುಡುಗ ಇದನ್ನೂ ಬಿಚ್ಚತಾನ. ನಿನ್ನ ಮೋಟರ್ ಕೆಟ್ರ ಗೋವಾಕ್ಕ ಹೋಗಬೇಕು." ಆರ್‌ಎಕ್ಸ್ ಅಂದರೆ ಹಳೇ ಟೂ ಸ್ಟ್ರೋಕ್ ಬೈಕು. ದಿನಾ ನೀರಿಗೆ ಇಳಿದು ಹೊಟ್ಟೆ ಹೊರೆಯುವವರ ಮಾತು ಅದು, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಒಂದೇ ಒಂದು ತಿದ್ದುಪಡಿ ಹೇಳಿದೆ, ಅವರು ಒಪ್ಪಿದರು. ಟೂ ಸ್ಟ್ರೋಕ್‌ನಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು, ಅದಕ್ಕೆ ಅವರು ಬೈಕಿನ 2ಟಿ ಆಯಿಲ್ ಹಾಕುತ್ತಿದ್ದರು. ದೋಣಿಯ ಮೋಟರ್ ನೀರಿನಿಂದ ತಂಪಾಗುವುದರಿಂದ ಬೈಕಿನಷ್ಟು ಕಾಯುವುದಿಲ್ಲ, ಆ ಆಯಿಲ್‌ನ ಬೂದಿ ಪ್ಲಗ್‌ಗೆ ಮೆತ್ತಿಕೊಳ್ಳುತ್ತದೆ. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಅಂತ ಇರಬೇಕು, ನೀರಿನಿಂದ ತಂಪಾಗುವ ಟೂ ಸ್ಟ್ರೋಕ್ ಮೋಟರಿನ ಆಯಿಲ್‌ಗೆ ಇರುವ ಗುರುತು ಅದು. ಅವರ ಮೋಟರ್‌ಗೆ 50ಕ್ಕೆ 1, ಅಂದರೆ ಐದು ಲೀಟರ್ ಪೆಟ್ರೋಲಿಗೆ 100 ಮಿಲಿ.

ಆದರೆ ನಮ್ಮಂಥವರು, ಭಾನುವಾರಕ್ಕೊಮ್ಮೆ ಹೋಗುವವರು, ಫೋರ್ ಸ್ಟ್ರೋಕ್ ತೆಗೆದುಕೊಳ್ಳಬೇಕು ಅಂತ ನನಗೆ ಅನಿಸುತ್ತದೆ. ಟೂ ಸ್ಟ್ರೋಕ್ ಸುಟ್ಟ ಆಯಿಲ್ ಹೊಗೆಯ ಜೊತೆ ನೇರ ನೀರಿಗೇ ಹೋಗುತ್ತದೆ. ಈ ನೀರನ್ನು ಎಷ್ಟೋ ಊರಿನವರು ಕುಡಿಯುತ್ತಾರೆ. ಘಟಪ್ರಭಾ ಕೃಷ್ಣೆಯನ್ನು ಸೇರುವ ಚಿಕ್ಕಸಂಗಮದ ಕಡೆ ಚಳಿಗಾಲಕ್ಕೆ ಬರುವ ಹಕ್ಕಿಗಳೂ ಇವೆ. ನಾವು ಖುಷಿಗೆ ಬಂದವರು, ಅವಕ್ಕೆ ತೊಂದರೆ ಕೊಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಹಕ್ಕಿ ಇರುವ ಕಡೆ ನಾನು ಪೆಟ್ರೋಲ್ ಮೋಟರ್ ಎತ್ತಿಟ್ಟು ಬ್ಯಾಟರಿ ಮೋಟರ್ ಇಳಿಸುತ್ತೇನೆ. 12 ವೋಲ್ಟಿನದು, ಪೂರ್ತಿ ತಿರುವಿದರೆ 50 ಆಂಪಿಯರ್ ಎಳೆಯುತ್ತದೆ. 100 ಎಎಚ್ (ಆಂಪಿಯರ್-ಅವರ್) ಸಾದಾ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಹೆಚ್ಚೆಂದರೆ ಒಂದು ಗಂಟೆ ಅಂತ ಲೆಕ್ಕ ಇಟ್ಟುಕೊಳ್ಳಿ. ನಿಧಾನ ಹೋದರೆ ಜಾಸ್ತಿ ಬರುತ್ತದೆ.

ಫೋರ್ ಸ್ಟ್ರೋಕ್ ತಂದವರಿಗೆ ಎರಡು ಮಾತು. ಕಾರಿನಲ್ಲಿ ಮಲಗಿಸುವಾಗ ಯಾವ ಮಗ್ಗುಲು ಅಂತ ಮೋಟರ್ ಮೇಲೇ ಗುರುತು ಇರುತ್ತದೆ. ತಪ್ಪು ಮಗ್ಗುಲಿಗೆ ಮಲಗಿಸಿದರೆ ಆಯಿಲ್ ಸಿಲಿಂಡರ್‌ಗೆ ಇಳಿಯುತ್ತದೆ. ಇನ್ನೊಂದು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆತದ್ದು, ನಮ್ಮ ಮುಧೋಳ, ಜಮಖಂಡಿ ಕಡೆಯ ಕಬ್ಬಿನಿಂದಲೂ ಆಗುವಂಥದ್ದು. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ನೀರು ಬೇರೆಯಾಗಿ ತಳಕ್ಕೆ ಕೂರುತ್ತದೆ. ಹಾಗಾಗಿ ಮೋಟರ್ ಒಳಗೆ ಪೆಟ್ರೋಲ್ ಉಳಿಯಬಾರದು. ದಂಡೆಗೆ ಬರುವ ಮುಂಚೆ ಪೆಟ್ರೋಲ್ ಕಾಕ್ ಮುಚ್ಚಿ, ಮೋಟರ್ ತಾನಾಗೇ ನಿಲ್ಲುವವರೆಗೆ ನೀರಿನಲ್ಲೇ ಓಡಿಸಿ.

ಲೈಫ್ ಜಾಕೆಟ್ ಬಿಗಿಯಾಗಿ ಕಟ್ಟಿಕೊಳ್ಳಿ, ಕೂತುಕೊಳ್ಳಲು ಮೆತ್ತಗಿದೆ ಅಂತ ಕೆಳಗೆ ಹಾಕಿಕೊಳ್ಳಬೇಡಿ. ಈ ಕೆಂಪು ದಾರ ಮೋಟರ್ ಓಡಿಸುವವನ ಮಣಿಕಟ್ಟಿಗೆ ಇರಲೇಬೇಕು. ಅವನು ಬಿದ್ದರೆ ಮೋಟರ್ ನಿಲ್ಲುತ್ತದೆ. ಮೊದಲು ಅನುಮತಿ ಕೇಳಿ, ಅಣೆಕಟ್ಟಿನ ಹತ್ತಿರ ಹೋಗಲೇಬೇಡಿ.

ನಾನು ಕೊಳ್ಳುವುದು ಯಾವುದು ಅಂದರೆ, ಗೆಳೆಯನದರಂಥ 12 ಅಡಿಯ ಅಲ್ಯೂಮಿನಿಯಂ ದೋಣಿ, ಶಾರ್ಟ್ ಶಾಫ್ಟ್, 8 ಅಥವಾ 9.9 ಎಚ್‌ಪಿ ಫೋರ್ ಸ್ಟ್ರೋಕ್. ಇಬ್ಬರು ಎತ್ತಬೇಕು, ಗೋಡೆ ಬಂದಾಗ ಒಂದು ಕೈಯಲ್ಲಿ ಮೋಟರ್ ಮೇಲೆತ್ತಲು ಆಗಬೇಕು. ಇವೆರಡೂ ಆಗುವಂಥದ್ದು ಅದೇ.

ಏಪ್ರಿಲ್‌ನಲ್ಲಿ ನೀರು ಇಳಿದ ಮೇಲೆ ಕಾಕಾ ಜೊತೆ ಇಲ್ಲಿಗೆ ಮತ್ತೆ ಬರುತ್ತೇವೆ. ಯಾವ ಗೋಡೆ ಎಲ್ಲಿದೆ ಅಂತ ನಡೆದುಕೊಂಡೇ ಹೋಗಿ ಜಿಪಿಎಸ್‌ನಲ್ಲಿ ಗುರುತು ಹಾಕಿಕೊಳ್ಳಬೇಕು. ಯಾವುದು ಯಾರ ಮನೆ ಅಂತ ಕಾಕಾ ಹೇಳುತ್ತಾರಂತೆ. ನಮ್ಮ ಅಪ್ಪನೂ ಬರುತ್ತೇನೆ ಅಂದಿದ್ದಾರೆ.